ಮೂರೂವರೆ ಗಂಟೆಗೆ ಬಿಸಿನೆಸ್ ಕ್ಲಾಸ್, ಹದಿನಾಲ್ಕು ಗಂಟೆಗೆ ಎಕಾನಮಿ

ಟಿಕೆಟ್ ಮಾರಿದ ಸಂಸ್ಥೆಯಿಂದ ಇವತ್ತು ಬೆಳಗ್ಗೆ ಮೂರನೆಯ ಉತ್ತರ ಬಂತು. ನೀವು ಕೊಂಡದ್ದು ಬಿಸಿನೆಸ್ ಕ್ಲಾಸ್ ಟಿಕೆಟ್, ಪ್ರಯಾಣಿಕರಿಗೆ ಬಿಸಿನೆಸ್ ಕ್ಲಾಸ್ ಸೇವೆ ದೊರೆತಿದೆ, ಆದ್ದರಿಂದ ಹಣ ಹಿಂತಿರುಗಿಸುವ ಪ್ರಶ್ನೆಯೇ ಬರುವುದಿಲ್ಲ ಎಂದು ಅದರಲ್ಲಿ ಬರೆದಿದೆ. ಓದಿ ಮುಗಿಸುವ ಹೊತ್ತಿಗೆ ನನ್ನ ಕೈ ನಡುಗುತ್ತಿತ್ತು. ಆ ಪ್ರಯಾಣಿಕರು ನನ್ನ ಅಕ್ಕ. ಅವಳಿಗೆ ದೊರೆತ ಬಿಸಿನೆಸ್ ಕ್ಲಾಸ್ ಸೇವೆ ಹಗಲು ಹೊತ್ತಿನ ಮೂರೂವರೆ ಗಂಟೆಯದು. ಅದರ ಮುಂದಿನ ಹದಿನಾಲ್ಕು ಗಂಟೆಯ ರಾತ್ರಿ ಹಾರಾಟಕ್ಕೆ ಅವಳಿಗೆ ಕೊಟ್ಟದ್ದು ಎಕಾನಮಿಯ ನಡುಸಾಲಿನ ನಡುಸೀಟು.

ಅಕ್ಕನ ಬೆನ್ನಿನ ಶಸ್ತ್ರಚಿಕಿತ್ಸೆಯ ವಿಷಯ ಇಲ್ಲಿರುವ ಬಹುಮಂದಿಗೆ ಗೊತ್ತು, ಆಗ ನೀವೆಲ್ಲ ಫೋನ್ ಮಾಡಿ ವಿಚಾರಿಸಿಕೊಂಡವರೇ. ಮಗಳ ಹೆರಿಗೆಗೆ ಹೋಗಲೇಬೇಕೆಂದು ಅವಳು ಹಟ ಹಿಡಿದಾಗ ವೈದ್ಯರು ಒಂದೇ ಷರತ್ತು ಹಾಕಿದ್ದರು. ದೀರ್ಘ ಹಾರಾಟದಲ್ಲಿ ಕಾಲು ಚಾಚಿ ಮಲಗುವ ವ್ಯವಸ್ಥೆ ಇರಲೇಬೇಕು ಎಂಬುದೇ ಆ ಷರತ್ತು. ತಮ್ಮ, ತಂಗಿ ಮತ್ತು ನಾನು ಮೂವರೂ ಸೇರಿ ಹಣ ಹೊಂದಿಸಿದೆವು. ಕೆಲಸದ ನಿಮಿತ್ತ ಇಷ್ಟು ವರ್ಷ ವಿಮಾನಗಳಲ್ಲಿ ತಿರುಗಿದವನೆಂದು ಟಿಕೆಟ್ ಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಪುಟದಲ್ಲಿ ಬಿಸಿನೆಸ್ ಕ್ಲಾಸ್ ಎಂಬುದನ್ನೇ ಆರಿಸಿ ಹುಡುಕಿದೆ, ಬಿಸಿನೆಸ್ ಕ್ಲಾಸ್ ಎಂಬ ತಲೆಬರಹದ ಕೆಳಗೆ ಬಂದದ್ದನ್ನೇ ಕೊಂಡೆ.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಎರಡು ಬೋರ್ಡಿಂಗ್ ಪಾಸುಗಳು ಕೈಗೆ ಬಂದವು. ಮೊದಲನೆಯದರಲ್ಲಿ ಸೀಟು 3ಎ ಎಂದಿತ್ತು. ಎರಡನೆಯದರಲ್ಲಿ 43ಇ ಎಂದಿತ್ತು. ಮುದ್ರಣದ ತಪ್ಪಿರಬಹುದೆಂದು ನಾನು ಅದನ್ನು ತಿರುಗಿಸಿ ಕೌಂಟರಿನ ಹುಡುಗಿಗೆ ತೋರಿಸಿದೆ. ಅವಳು ಪರದೆ ನೋಡಿ, ಮತ್ತೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಸರ್, ಇದು ಮಿಕ್ಸೆಡ್ ಕ್ಯಾಬಿನ್ ಟಿಕೆಟ್. ದೊಡ್ಡ ಹಾರಾಟ ಎಕಾನಮಿಯಲ್ಲೇ ಬುಕ್ ಆಗಿದೆ. ಬಿಸಿನೆಸ್ ಪೂರ್ತಿ ತುಂಬಿದೆ, ಹಣ ಕಟ್ಟಿದರೂ ಈಗ ಬದಲಾಯಿಸಲು ಬರುವುದಿಲ್ಲ." ಅವಳ ಮೇಲೆ ನನಗೆ ಯಾವ ಕೋಪವೂ ಇಲ್ಲ. ತನ್ನ ಕೈಲಾದಷ್ಟು ಹುಡುಕಿದಳು, ಒಂದು ಅಂಚಿನ ಸೀಟೂ ಉಳಿದಿರಲಿಲ್ಲ. ಅಕ್ಕ ನನ್ನ ತೋಳು ಹಿಡಿದು, "ಇರಲಿ ಬಿಡೋ, ಒಂದು ರಾತ್ರಿ ತಾನೇ" ಎಂದಳು. ಆ ಮಾತು ಇನ್ನೂ ನನ್ನನ್ನು ಚುಚ್ಚುತ್ತಿದೆ.

ನಾಲ್ಕು ಸೀಟುಗಳ ನಡುಸಾಲಿನಲ್ಲಿ ಇ ಎಂದರೆ ಎರಡೂ ಪಕ್ಕ ಜನರಿರುವ ಒಳಸೀಟು ಎಂದು ವಿಮಾನದಲ್ಲಿ ಓಡಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೋಯಿಂಗ್ 777 ವಿಮಾನಗಳಲ್ಲಿ ಮೊದಮೊದಲು ಎಕಾನಮಿಯ ಅಡ್ಡಸಾಲಿಗೆ ಒಂಬತ್ತು ಸೀಟುಗಳಿರುತ್ತಿದ್ದವು. ಈಗ ಅನೇಕ ಸಂಸ್ಥೆಗಳು ಅದೇ ಅಗಲದಲ್ಲಿ ಹತ್ತು ಸೀಟು ಕೂರಿಸಿವೆ, ಒಂದೊಂದರ ಅಗಲ ಸುಮಾರು 17 ಅಂಗುಲಕ್ಕೆ ಇಳಿದಿದೆ. ಒಂದು ಸೀಟಿನಿಂದ ಮುಂದಿನ ಸೀಟಿಗೆ ಇರುವ ಅಂತರ ಹೆಚ್ಚುಕಡಿಮೆ 31 ಅಂಗುಲ. ಅದೇ ವಿಮಾನದ ಮುಂಭಾಗದಲ್ಲಿ ಆರೂವರೆ ಅಡಿಯಷ್ಟು ಉದ್ದಕ್ಕೆ ಚಾಚಿಕೊಳ್ಳುವ ಹಾಸಿಗೆಗಳಿವೆ. ನಾವು ಮೂವರು ಹಣ ಕೂಡಿಸಿದ್ದು ಆ ಹಾಸಿಗೆಗಾಗಿಯೇ ಹೊರತು ಬಿಸಿನೆಸ್ ಕ್ಲಾಸ್ ಎಂಬ ಎರಡು ಪದಗಳಿಗಾಗಿ ಅಲ್ಲ.

1970ರ ದಶಕದ ಕೊನೆಯಲ್ಲಿ ಬಿಸಿನೆಸ್ ಕ್ಲಾಸ್ ಹುಟ್ಟಿದಾಗ ಅದಕ್ಕೂ ಎಕಾನಮಿಗೂ ಇದ್ದ ವ್ಯತ್ಯಾಸ ಬಹುಮಟ್ಟಿಗೆ ಆದರಾತಿಥ್ಯದ್ದು. ಪೂರ್ತಿ ದರ ಕೊಟ್ಟವರಿಗೆ ಒಂದಿಷ್ಟು ಪ್ರತ್ಯೇಕ ಜಾಗ, ಸ್ವಲ್ಪ ಒಳ್ಳೆಯ ಕುರ್ಚಿ, ಸ್ವಲ್ಪ ಒಳ್ಳೆಯ ಊಟ ಸಿಗುತ್ತಿತ್ತು. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ತನ್ನ ಬಿಸಿನೆಸ್ ದರ್ಜೆಗೆ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ತಂದಿತು, ಒಂದೊಂದಾಗಿ ಬೇರೆಯವರೂ ಆ ದಾರಿ ಹಿಡಿದರು. ಅಲ್ಲಿಂದೀಚೆಗೆ ದೀರ್ಘ ಹಾರಾಟದಲ್ಲಿ ಈ ಎರಡು ದರ್ಜೆಗಳ ನಡುವಿನ ವ್ಯತ್ಯಾಸ ಮಲಗುವುದಕ್ಕೂ ಕೂರುವುದಕ್ಕೂ ಇರುವ ವ್ಯತ್ಯಾಸ. ಇನ್ನು ಸಣ್ಣ ಹಾರಾಟದ ಬಿಸಿನೆಸ್ ಕ್ಲಾಸನ್ನು ನೋಡಿ. ಯುರೋಪಿನ ಒಳಗಿನ ಬಹುತೇಕ ಹಾರಾಟಗಳಲ್ಲಿ ಅದು ಎಕಾನಮಿಯ ಅದೇ ಸೀಟು, ಮೂರರ ಸಾಲಿನಲ್ಲಿ ನಡುವಿನದನ್ನು ಖಾಲಿ ಬಿಟ್ಟಿರುತ್ತಾರೆ, ಅಷ್ಟೇ. ಹೀಗಿರುವಾಗ ಸಣ್ಣ ಹಾರಾಟದ ದರ್ಜೆಯ ಹೆಸರನ್ನು ಎತ್ತಿ ಇಡೀ ಪ್ರಯಾಣದ ತಲೆಗೆ ಕಟ್ಟುವುದು ವ್ಯಾಪಾರವಲ್ಲ, ಮೋಸ. ಅಕ್ಕ ಆಕಾಶದಲ್ಲಿ ಕಳೆದ ಹದಿನೇಳೂವರೆ ಗಂಟೆಯಲ್ಲಿ ಬಿಸಿನೆಸ್ ಕ್ಲಾಸಿನ ಪಾಲು ಐದರಲ್ಲಿ ಒಂದು. ಐದರಲ್ಲಿ ನಾಲ್ಕು ಪಾಲು ಎಕಾನಮಿಯಾಗಿರುವ ಪ್ರಯಾಣಕ್ಕೆ ಬಿಸಿನೆಸ್ ಕ್ಲಾಸ್ ಎಂದು ಹೆಸರಿಡುವ ಧೈರ್ಯ ಇವರಿಗೆ ಎಲ್ಲಿಂದ ಬರುತ್ತದೆ?

ಎರಡು ದರ್ಜೆಗಳನ್ನು ಬೆರೆಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಾನೇ ಎಷ್ಟೋ ಸಲ ತಿಳಿದೂ ತಿಳಿದೂ ಬೆರೆಸಿ ಕೊಂಡಿದ್ದೇನೆ. ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗುವ ವಿಮಾನಗಳಲ್ಲಿ ಹೆಚ್ಚಿನವು ರಾತ್ರಿ ಹೊರಡುತ್ತವೆ, ಲಂಡನ್ನಿನಿಂದ ಮರಳುವವು ಹಗಲಿನಲ್ಲಿ ಹಾರುತ್ತವೆ. ರಾತ್ರಿಯ ಹಾರಾಟಕ್ಕೆ ಹಾಸಿಗೆ ಕೊಂಡು, ಹಗಲಿನದನ್ನು ಎಕಾನಮಿಯಲ್ಲಿ ಪುಸ್ತಕ ಓದುತ್ತಾ ಕಳೆದರೆ ಖರ್ಚೂ ಹಿಡಿತದಲ್ಲಿರುತ್ತದೆ, ಮೈಯೂ ನೆಟ್ಟಗಿರುತ್ತದೆ. ಎಲ್ಲಿ ಮಲಗಬೇಕು, ಎಲ್ಲಿ ಕುಳಿತರೆ ಸಾಕು ಎಂಬುದನ್ನು ಅಲ್ಲಿ ಪ್ರಯಾಣಿಕನೇ ತೀರ್ಮಾನಿಸುತ್ತಾನೆ. ಅಕ್ಕನ ಟಿಕೆಟ್ಟಿನಲ್ಲಿ ಅದನ್ನು ತೀರ್ಮಾನಿಸಿದ್ದು ಒಂದು ಯಂತ್ರ, ಅದೂ ತಲೆಕೆಳಗಾಗಿ.

ಯಂತ್ರ ಹೀಗೇಕೆ ಮಾಡುತ್ತದೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಪ್ರತಿ ಹಾರಾಟದ ಸೀಟುಗಳನ್ನೂ ಅಕ್ಷರಗಳ ಹೆಸರಿನಲ್ಲಿ ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತಾರೆ. ಸಾಮಾನ್ಯವಾಗಿ ಜೆ ಎಂದರೆ ಪೂರ್ತಿ ದರದ ಬಿಸಿನೆಸ್, ವೈ ಎಂದರೆ ಪೂರ್ತಿ ದರದ ಎಕಾನಮಿ, ಇವುಗಳ ಕೆಳಗೆ ಕಡಿಮೆ ದರದ ಅಕ್ಷರಗಳು ಹಲವು. ದೊಡ್ಡ ಹಾರಾಟದಲ್ಲಿ ಬಿಸಿನೆಸ್ಸಿನ ಸೀಟು ತೀರಿಹೋಗಿದ್ದರೆ, ಹುಡುಕುವ ತಂತ್ರಾಂಶ ಅಲ್ಲಿಗೆ ಎಕಾನಮಿಯನ್ನು ತಂದು ಜೋಡಿಸಿ, ಸಣ್ಣ ಹಾರಾಟದ ಬಿಸಿನೆಸ್ಸಿನ ಜೊತೆ ಹೊಲಿದು ಒಂದು ಟಿಕೆಟ್ ಮಾಡುತ್ತದೆ. ದುಬಾರಿಯಾದ ಭಾಗವೇ ಅದರಲ್ಲಿ ಇಲ್ಲವಾದ್ದರಿಂದ ಅದರ ಬೆಲೆ ಸಹಜವಾಗಿಯೇ ಕಡಿಮೆ. ಪಟ್ಟಿಯನ್ನು ಬೆಲೆಯ ಪ್ರಕಾರ ಜೋಡಿಸಿರುವುದರಿಂದ ಅದೇ ಎಲ್ಲಕ್ಕಿಂತ ಮೇಲೆ ಬಂದು ನಿಲ್ಲುತ್ತದೆ. ಬಿಸಿನೆಸ್ ಕ್ಲಾಸ್ ಹುಡುಕುವವನ ಕಣ್ಣಿಗೆ ಮೊದಲು ಬೀಳುವುದು ಬಿಸಿನೆಸ್ ಕ್ಲಾಸ್ ಅಲ್ಲದ ಟಿಕೆಟ್ಟೇ. ಮೈಲ್ಸ್ ಎಂಬ, ಹಿಂದಿನ ಪ್ರಯಾಣಗಳಿಂದ ಕೂಡಿಟ್ಟ ಅಂಕಗಳನ್ನು ಕೊಟ್ಟು ಟಿಕೆಟ್ ಪಡೆಯುವ ಕೆಲವು ಯೋಜನೆಗಳಲ್ಲಂತೂ ದೊಡ್ಡ ಹಾರಾಟ ಎಕಾನಮಿಯಾಗಿದ್ದರೂ ಇಡೀ ಪ್ರಯಾಣಕ್ಕೆ ಬಿಸಿನೆಸ್ಸಿನ ಲೆಕ್ಕದಲ್ಲೇ ಮೈಲ್ಸ್ ಕಳೆಯುತ್ತಾರೆ.

"ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಬೇಕಿತ್ತು" ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ, ನಿನ್ನೆ ಒಬ್ಬ ಗೆಳೆಯ ಫೋನಿನಲ್ಲಿ ಹೇಳಿಯೂ ಆಯಿತು. ಹೌದು, ಬರೆದಿತ್ತು. ಅಂದು ರಾತ್ರಿ ಮನೆಗೆ ಬಂದು ಪುಟವನ್ನು ಮತ್ತೆ ತೆರೆದು ನೋಡಿದೆ. ವಿವರಗಳು ಎಂಬ ಪದವನ್ನು ಒತ್ತಿದರೆ ಬಿಚ್ಚಿಕೊಳ್ಳುವ ಭಾಗದಲ್ಲಿ, ಎರಡನೆಯ ಹಾರಾಟದ ಸಮಯದ ಕೆಳಗೆ, ಬೂದು ಬಣ್ಣದಲ್ಲಿ ಎಕಾನಮಿ ಎಂಬ ಒಂದು ಪದವಿತ್ತು. ನಾನು ಅದನ್ನು ಒತ್ತಿರಲಿಲ್ಲ. ಟಿಕೆಟ್ ಕೊಂಡ ಆ ಹೊತ್ತಿನಲ್ಲಿ ನಾನು ನೋಡಿದ್ದು ಒಟ್ಟು ಬೆಲೆಯನ್ನು ಮಾತ್ರ, ನಾವು ಅಂದುಕೊಂಡದ್ದಕ್ಕಿಂತ ಕಡಿಮೆಗೆ ಸಿಕ್ಕಿತಲ್ಲ ಎಂದು ಹಿಗ್ಗಿ ತಮ್ಮನಿಗೆ ಫೋನ್ ಕೂಡ ಮಾಡಿದ್ದೆ. ಇದನ್ನು ಬರೆಯಲು ಎರಡು ದಿನದಿಂದ ಹಿಂಜರಿಯುತ್ತಿದ್ದೆ. ತಪ್ಪು ನನ್ನದೂ ಇದೆ, ಅಕ್ಕನ ಮುಂದೆ ಒಪ್ಪಿಕೊಂಡಿದ್ದೇನೆ. ಆದರೆ ನಾನು ಓದದ ಮಾತ್ರಕ್ಕೆ ಅವರು ದೊಡ್ಡ ಅಕ್ಷರದಲ್ಲಿ ಬರೆದದ್ದು ನಿಜವಾಗುವುದಿಲ್ಲ. ಬಿಸಿನೆಸ್ ಕ್ಲಾಸ್ ಎಂಬುದನ್ನು ಎಲ್ಲರಿಗೂ ಕಾಣುವಂತೆ ಮೇಲೆ ಬರೆಯಲು ಜಾಗವಿದ್ದವರಿಗೆ, ದೊಡ್ಡ ಹಾರಾಟ ಎಕಾನಮಿ ಎಂಬುದನ್ನು ಅದರ ಪಕ್ಕದಲ್ಲೇ ಬರೆಯಲು ಜಾಗವಿರಲಿಲ್ಲವೇ?

ಕಾನೂನಿನ ಕಡೆ ನೋಡಿದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ. ಬಿಸಿನೆಸ್ ಕ್ಲಾಸಿನಲ್ಲಿ ಕಾದಿರಿಸಿದವರನ್ನು ವಿಮಾನ ಸಂಸ್ಥೆ ತಾನಾಗಿ ಕೆಳಗಿನ ದರ್ಜೆಗೆ ಇಳಿಸಿದರೆ, ಯುರೋಪಿನ ಒಕ್ಕೂಟದ 2004ರ ನಿಯಮದ ಪ್ರಕಾರ ದೂರವನ್ನು ನೋಡಿ ದರದ ಶೇಕಡಾ 30, 50 ಅಥವಾ 75ರಷ್ಟನ್ನು ಮರಳಿಸಬೇಕು. ಭಾರತದಲ್ಲೂ 2023ರಿಂದ ಅಂತರರಾಷ್ಟ್ರೀಯ ಹಾರಾಟಗಳಿಗೆ ದೂರದ ಮೇಲೆ ಇದೇ ಮೂರು ಹಂತಗಳ ಮರುಪಾವತಿ ಇದೆ. ಹಲವು ಹಾರಾಟಗಳು ಒಂದೇ ಟಿಕೆಟ್ಟಿನಲ್ಲಿದ್ದಾಗ ಲೆಕ್ಕ ಹಾಕುವುದು ಹೇಗೆ ಎಂಬ ಪ್ರಶ್ನೆ 2016ರಲ್ಲಿ ಯುರೋಪಿನ ನ್ಯಾಯಾಲಯದ ಮುಂದೆ ಬಂದಾಗ, ದರ್ಜೆ ಇಳಿಸಿದ ಹಾರಾಟದ ದರವನ್ನಷ್ಟೇ ಹಿಡಿಯಬೇಕು, ಅದು ಟಿಕೆಟ್ಟಿನಲ್ಲಿ ಬೇರೆಯಾಗಿ ನಮೂದಾಗಿರದಿದ್ದರೆ ಒಟ್ಟು ದೂರದಲ್ಲಿ ಆ ಹಾರಾಟದ ಪಾಲೆಷ್ಟೋ ಅಷ್ಟನ್ನು ಹಿಡಿಯಬೇಕು ಎಂದು ತೀರ್ಪಾಯಿತು. ಹಣ ಕೊಡಬೇಕಾಗಿ ಬಂದಾಗ ಪ್ರತಿ ಹಾರಾಟವನ್ನೂ ಬಿಡಿಬಿಡಿಯಾಗಿ ದೂರದಿಂದ ಅಳೆಯಬಹುದಾದರೆ, ಟಿಕೆಟ್ ಮಾರುವಾಗ ಏಕೆ ಅಳೆಯಬಾರದು? ಅಕ್ಕನಿಗೆ ಈ ನಿಯಮಗಳಲ್ಲಿ ಯಾವುದರ ರಕ್ಷಣೆಯೂ ಸಿಗಲಿಲ್ಲ. ಅವಳನ್ನು ಯಾರೂ ಕೆಳಕ್ಕೆ ಇಳಿಸಲಿಲ್ಲವಂತೆ, ಮೊದಲಿನಿಂದಲೂ ಎಕಾನಮಿಯಲ್ಲೇ ಇದ್ದಳಂತೆ. ವಿಮಾನ ಸಂಸ್ಥೆಯನ್ನು ಕೇಳಿದರೆ ಮಾರಿದವರನ್ನು ಕೇಳಿ ಎನ್ನುತ್ತದೆ, ಮಾರಿದವರು ಕೊಟ್ಟ ಉತ್ತರವನ್ನು ಮೇಲೆಯೇ ಹೇಳಿದ್ದೇನೆ.

ಬೇರೆ ಸೀಟು ಇಲ್ಲದಿದ್ದಾಗ ಇಂಥ ಟಿಕೆಟ್ ತೋರಿಸುವುದೂ ಒಂದು ಅನುಕೂಲವೇ ಎಂಬ ವಾದವೂ ಇದೆ. ತೋರಿಸಲಿ, ಎಕಾನಮಿ ಎಂದು ಕರೆದು ತೋರಿಸಲಿ. ಹಾಗೆ ಕರೆದಿದ್ದರೆ ನಾವು ದಿನ ಬದಲಿಸುತ್ತಿದ್ದೆವು, ವಾರ ಮುಂಚೆಯೇ ಕಳಿಸುತ್ತಿದ್ದೆವು.

ಹದಿನಾಲ್ಕು ಗಂಟೆ ಸಣ್ಣ ವಿಷಯವಲ್ಲ. ಪ್ರಯಾಣದಲ್ಲಿ ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಅಲುಗಾಡದೆ ಕುಳಿತರೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವರದಿ ಮಾಡಿತ್ತು. ಆರೋಗ್ಯವಂತರಲ್ಲಿ ಆ ಅಪಾಯ ಆರು ಸಾವಿರಕ್ಕೆ ಒಬ್ಬರಷ್ಟು ಚಿಕ್ಕದೇ, ಅದರ ಕಾರಣವೂ ಅಲುಗಾಡದಿರುವುದೇ ಹೊರತು ದರ್ಜೆಯಲ್ಲ. ಆದರೆ ಎರಡೂ ಪಕ್ಕದಲ್ಲಿ ಅಪರಿಚಿತರು ನಿದ್ದೆ ಹೋಗಿರುವಾಗ, ನಡುವೆ ಸಿಕ್ಕಿಕೊಂಡ ಅರವತ್ತೊಂದು ವರ್ಷದ ಹೆಂಗಸು ಎಷ್ಟು ಸಲ ಅವರನ್ನು ಎಬ್ಬಿಸಿ ಎದ್ದು ಓಡಾಡುತ್ತಾಳೆ? ಸಿಂಗಪುರದಿಂದ ನ್ಯೂಯಾರ್ಕಿಗೆ ಹದಿನೆಂಟು ಗಂಟೆಗೂ ಮೀರಿದ ನೇರ ಹಾರಾಟವನ್ನು 2018ರಲ್ಲಿ ಮತ್ತೆ ಆರಂಭಿಸಿದಾಗ ಸಿಂಗಪುರ್ ಏರ್‌ಲೈನ್ಸ್ ಆ ವಿಮಾನದಲ್ಲಿ ಸಾಧಾರಣ ಎಕಾನಮಿಯನ್ನೇ ಇಡಲಿಲ್ಲ. ಅದರ 161 ಸೀಟುಗಳಲ್ಲಿ 67 ಬಿಸಿನೆಸ್, ಉಳಿದವು ಎಕಾನಮಿಗಿಂತ ಒಂದು ಮೆಟ್ಟಿಲು ಮೇಲಿನ ಪ್ರೀಮಿಯಂ ಎಕಾನಮಿ. ಹಾರಾಟ ಉದ್ದವಾದಷ್ಟೂ ಸೀಟಿನ ಮಹತ್ವ ಹೆಚ್ಚುತ್ತದೆ ಎಂಬುದು ವಿಮಾನ ನಡೆಸುವವರಿಗೆ ತಿಳಿಯದ ಸಂಗತಿಯಲ್ಲ.

ಅಕ್ಕ ಆ ರಾತ್ರಿಯನ್ನು ಕಳೆದ ಬಗೆಯನ್ನು ಅವಳು ಹೇಳಲಿಲ್ಲ, ಅವಳ ಮಗಳು ಹೇಳಿದಳು. ಊಟದ ತಟ್ಟೆಗಳನ್ನು ತೆಗೆದು ದೀಪ ಆರಿಸಿದ ಮೇಲೆ, ಅಂಚಿನ ಸೀಟಿನಲ್ಲಿದ್ದ ಹುಡುಗನೊಬ್ಬ ಇವಳು ಸೊಂಟ ಹಿಡಿದುಕೊಂಡು ಹೊರಳಾಡುವುದನ್ನು ನೋಡಿ ತಾನಾಗಿಯೇ ತನ್ನ ಸೀಟು ಬಿಟ್ಟುಕೊಟ್ಟನಂತೆ. ಅಲ್ಲಿಂದ ಮುಂದೆ ಅವಳು ವಿಮಾನದ ಹಿಂಭಾಗದಲ್ಲಿ, ಊಟದ ಗಾಡಿಗಳನ್ನು ನಿಲ್ಲಿಸುವ ಕಡೆ, ಗೋಡೆಗೆ ಅಂಗೈ ಊರಿಕೊಂಡು ಗಂಟೆಗಟ್ಟಲೆ ನಿಂತಿದ್ದಳಂತೆ. ಇಳಿದಾಗ ಗಾಲಿಕುರ್ಚಿ ಬೇಕಾಯಿತು. ಹೊರಡುವಾಗ ನಡೆದೇ ಹೋದವಳು ಅವಳು. ಮೊಮ್ಮಗಳನ್ನು ಎತ್ತಿಕೊಳ್ಳಲು ಆರು ದಿನ ಕಾದಳು.

ಮರಳುವ ಟಿಕೆಟ್ ಕೂಡ ಅದೇ ಬಗೆಯದಾಗಿತ್ತು. ಅದನ್ನು ರದ್ದು ಮಾಡಿದ್ದೇನೆ, ಕಳೆದುಹೋದ ಹಣ ಹೋಗಲಿ. ಹೊಸ ಟಿಕೆಟ್ಟನ್ನು ವಿಮಾನ ಸಂಸ್ಥೆಗೇ ಫೋನ್ ಮಾಡಿ, ಒಂದೊಂದು ಹಾರಾಟದ ದರ್ಜೆಯನ್ನೂ ಅಕ್ಷರವನ್ನೂ ಬಾಯಿಬಿಟ್ಟು ಹೇಳಿಸಿಕೊಂಡು ಕೊಂಡೆ. ಸಣ್ಣ ಹಾರಾಟ ಎಕಾನಮಿ, ದೊಡ್ಡದು ಬಿಸಿನೆಸ್, ಸೀಟು 8ಕೆ. ರಾತ್ರಿ ಅಕ್ಕನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: "ಇದು ಯಾವ ಹಾರಾಟದ ಸೀಟೋ, ಸರಿಯಾಗಿ ನೋಡಿದ್ದೀಯಾ?"