ಅಮ್ಮ ಓದದ ಪುಸ್ತಕ ಇದ್ದರೆ ಹೇಳಿ

ಹೋದ ಜನವರಿಯಲ್ಲಿ ಒಂದು ಶಪಥ ಮಾಡಿದೆ. ಮೊಬೈಲ್ ನೋಡುವುದು ಕಮ್ಮಿ ಮಾಡಿ ತಿಂಗಳಿಗೊಂದು ಕಾದಂಬರಿ ಓದಬೇಕು, ಅದೂ ಒಂದೇ ಥರದ್ದಲ್ಲ, ಎಲ್ಲ ಥರದ್ದೂ. ಶಪಥವನ್ನು ಮನಸ್ಸಲ್ಲೇ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ತಿಂಡಿ ತಿನ್ನುವಾಗ ಜೋರಾಗಿ ಹೇಳಿಬಿಟ್ಟೆ, ಅಮ್ಮನ ಎದುರಿಗೆ.

ನಮ್ಮಮ್ಮ ಹಳೇ ಓದುಗರು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಕಾದಂಬರಿ ಬಾಡಿಗೆಗೆ ತಂದು, ಅಕ್ಕಿ ಬೇಯುವಷ್ಟರಲ್ಲಿ ಎರಡು ಅಧ್ಯಾಯ ಮುಗಿಸುತ್ತಿದ್ದ ಕಾಲದವರು. ಓದಿದ್ದನ್ನು ಮರೆಯುವುದಿಲ್ಲ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಓದಿದ್ದನ್ನು ಹೇಳದೆಯೂ ಇರುವುದಿಲ್ಲ.

ಮೊದಲನೆಯದೇ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ನನ್ನದು ಅತಿಯಾಸೆ, ಒಪ್ಪಿಕೊಳ್ಳುತ್ತೇನೆ. 1967ರಲ್ಲಿ ಬಂದ ಈ ಪುಸ್ತಕವನ್ನು ಮಲಗಿಕೊಂಡು ಓದಬಾರದು ಅಂತ ಯಾರೂ ಹೇಳಿರಲಿಲ್ಲ. ಎರಡನೇ ರಾತ್ರಿ ನಿದ್ದೆ ಹತ್ತಿ ಕೈ ಸಡಿಲವಾಯಿತು, ಪುಸ್ತಕ ನೇರ ಮೂಗಿನ ಮೇಲೆ ಬಿತ್ತು. ಮಾರನೇ ದಿನ ಆಫೀಸಿನಲ್ಲಿ ಕೇಳಿದವರಿಗೆಲ್ಲ ಬಾಗಿಲು ತಗುಲಿತು ಅಂದೆ, ಕುವೆಂಪು ಹೊಡೆದರು ಅಂದರೆ ಯಾರು ನಂಬುತ್ತಾರೆ?

ಅದರಲ್ಲಿ ಜನ ಬೇರೆ ತುಂಬಾ ಜಾಸ್ತಿ. ಯಾರು ಯಾವ ಮನೆಯವರು ಅಂತ ಗೊಂದಲ ಆಗಿ, ಒಂದು ಚೀಟಿಯಲ್ಲಿ ಹೆಸರು ಬರೆದು ಫ್ರಿಜ್ಜಿಗೆ ಅಂಟಿಸಿದೆ. ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ. ಅಂಟಿಸಿದ್ದು ಹಾಲಿನ ಲೆಕ್ಕದ ಪಕ್ಕದಲ್ಲಿ. ಸಂಜೆ ನನ್ನ ಹೆಂಡತಿ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಬಂದಳು. "ರೀ, ಇವರಿಗೆಲ್ಲ ಎಷ್ಟೆಷ್ಟು ಕೊಡಬೇಕು? ನನಗೆ ಹೇಳದೆ ಇಷ್ಟು ಜನರ ಹತ್ತಿರ ಸಾಲ ಮಾಡಿದ್ದೀರಾ?"

ಆ ಗಲಾಟೆ ಕೇಳಿ ಅಮ್ಮ ದೇವರ ಮನೆಯಿಂದ ಹೊರಗೆ ಬಂದರು. ಚೀಟಿ ನೋಡಿದರು. ಮುಖ ಸಣ್ಣದಾಯಿತು. "ನಾಯಿ ಹೆಸರು ಬರೆದೇ ಇಲ್ವಲ್ಲೋ. ಹುಲಿಯ. ಪಾಪ, ಕೊನೇಲಿ ತುಂಗಾ ಹೊಳೇಲಿ ಕೊಚ್ಚಿಕೊಂಡು ಹೋಗುತ್ತೆ." ನಾನಿನ್ನೂ ನಲವತ್ತನೇ ಪುಟದಲ್ಲಿದ್ದೆ. ಆಮೇಲಿನ ನೂರಾರು ಪುಟ, ಆ ನಾಯಿ ಎಲ್ಲಿ ಬಂದರೂ, ಸುಮ್ನೆ ಬಾಲ ಅಲ್ಲಾಡಿಸಿದರೂ, ನನಗೆ ಗಂಟಲು ಕಟ್ಟುತ್ತಿತ್ತು. ಆ ಪುಸ್ತಕಕ್ಕೇ ಮೂರು ತಿಂಗಳು ಹೋಯಿತು.

ಹಾಗಾಗಿ ಮುಂದಿನದು ತೆಳ್ಳಗಿರಲಿ ಅಂತ ತೇಜಸ್ವಿಯವರ 'ಕರ್ವಾಲೊ' ತೆಗೆದುಕೊಂಡೆ, ಕಾಡಿನಲ್ಲಿ ಹಾರುವ ಓತಿ ಹುಡುಕಿಕೊಂಡು ಹೋಗುವವರ ಕಥೆ. ಮನೆಯಲ್ಲಿ ಓದಿದರೆ ತಾನೇ ಅಮ್ಮ ಹೇಳುವುದು? ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಓದಿದೆ. ಮಂದಣ್ಣ, ಬಿರ್ಯಾನಿ ಕರಿಯಪ್ಪ, ಕಿವಿ ಅನ್ನುವ ನಾಯಿ ಇವರ ಜೊತೆ ಬಸ್ಸಿನಲ್ಲಿ ಕೂರುವುದು ಎಂಥ ತಪ್ಪು ಅಂತ ಅವತ್ತು ಗೊತ್ತಾಯಿತು. ನಗು ತಡೆಯಲು ಹೋಗಿ ಮೂಗಿನಿಂದ ಒಂದು ವಿಚಿತ್ರ ಶಬ್ದ ಹೊರಟು, ಪಕ್ಕದಲ್ಲಿದ್ದ ಹಿರಿಯರು ತಮ್ಮ ನೀರಿನ ಬಾಟಲಿ ಕೊಟ್ಟು ಬೆನ್ನು ತಟ್ಟಿದರು. ಕಾರ್ಪೊರೇಷನ್ ಹತ್ತಿರ ಇಳಿಯಬೇಕಾದವನು ಶಿವಾಜಿನಗರದಲ್ಲಿ ಇಳಿದೆ. ತಡವಾಗಿದ್ದಕ್ಕೆ ಕಾರಣ ಕೇಳಿದ ಸಾಹೇಬರಿಗೆ ಹಾರುವ ಓತಿ ಅಂತ ಹೇಳಲು ಆಗುತ್ತದಾ? ಟ್ರಾಫಿಕ್ ಅಂದೆ.

ಸಂಜೆ ಬ್ಯಾಗಿನಿಂದ ಊಟದ ಡಬ್ಬಿ ತೆಗೆಯುವಾಗ ಅಮ್ಮ ಪುಸ್ತಕ ನೋಡಿಬಿಟ್ಟರು. "ಓ, ಇದಾ! ಓತಿ ಸಿಗುತ್ತೆ ಕಣೋ. ಆದ್ರೆ ಕೈಗೆ ಸಿಗಲ್ಲ."

ಇನ್ನು ಉಪಾಯ ಮಾಡಲೇಬೇಕಾಯಿತು. ಅಂತ್ಯ ಮೊದಲೇ ಗೊತ್ತಿರುವ ಪುಸ್ತಕ ಓದಿದರೆ ಅಮ್ಮ ಏನು ಹೇಳಲು ಸಾಧ್ಯ? ತ.ರಾ.ಸು. ಅವರ 'ದುರ್ಗಾಸ್ತಮಾನ' ತಂದೆ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಗೆದ್ದಿದ್ದು ಸ್ಕೂಲಲ್ಲೇ ಓದಿದ್ದೇವೆ. ಅಮ್ಮ ರಟ್ಟು ನೋಡಿ, "ನಾನೇನೂ ಹೇಳಲ್ಲಪ್ಪ, ಹೆಸರಲ್ಲೇ ಹೇಳಿಬಿಟ್ಟಿದ್ದಾರಲ್ಲ" ಅಂದು ಹೂ ಕಟ್ಟಲು ಕೂತರು. ಅದೊಂದು ಪುಸ್ತಕವನ್ನು ನೆಮ್ಮದಿಯಾಗಿ ಓದಿದೆ, ನೆಮ್ಮದಿ ಸ್ವಲ್ಪ ಜಾಸ್ತಿಯೇ ಆಗಿರಬೇಕು. ಒಂದು ಭಾನುವಾರ ಮದಕರಿನಾಯಕನ ಗುಂಗಿನಲ್ಲಿ ಸೋಫಾ ಮೇಲೆ ಕೂತು "ಯಾರಲ್ಲಿ? ಕಾಫಿ ಬರಲಿ!" ಅಂದೆ. ಒಳಗಿನಿಂದ ಉತ್ತರ ಬಂತು: "ಯಾರೂ ಇಲ್ಲ. ಡಿಕಾಕ್ಷನ್ನೂ ಇಲ್ಲ. ಒಂದು ಕಾಲು ಕೆಜಿ ಪುಡಿ ತಂದುಬಿಡಿ."

ತ್ರಿವೇಣಿಯವರ ಕಾದಂಬರಿ ನನ್ನ ಕೈಗೆ ಸಿಗಲೇ ಇಲ್ಲ, ತಂದ ದಿನವೇ ಅಮ್ಮ ಎತ್ತಿಕೊಂಡು ಹೋಗಿ ನಾಲ್ಕನೇ ಸಲ ಓದಿ ಅತ್ತರು. ಭೂಸನೂರಮಠರ ವೈಜ್ಞಾನಿಕ ಕಾದಂಬರಿಯನ್ನು ಪಕ್ಕದ ಮನೆಯವರು "ಎರಡೇ ದಿನ" ಅಂತ ತೆಗೆದುಕೊಂಡು ಹೋದರು, ಅದು ಇನ್ನೂ ಭೂಮಿಗೆ ವಾಪಸ್ ಬಂದಿಲ್ಲ.

ಯಂಡಮೂರಿಯವರ 'ತುಳಸಿದಳ'ದ ವಿಷಯ ಹೇಳಬಾರದು ಅಂದುಕೊಂಡಿದ್ದೆ. ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಕಥೆ. ನನ್ನ ವಯಸ್ಸಿಗೆ ಇದೆಲ್ಲ ಏನು ಹೆದರಿಕೆ ಅಂತ ರಾತ್ರಿ ಒಂದೂವರೆ ತನಕ ಓದಿದೆ. ಬಾಯಿ ಒಣಗಿತು. ನೀರಿಗೆ ಎದ್ದೆ. ಲೈಟ್ ಹಾಕಿದರೆ ಎಲ್ಲರಿಗೂ ಎಚ್ಚರ ಆಗುತ್ತೆ ಅಂತ ಕತ್ತಲಲ್ಲೇ ಹಾಲ್ ದಾಟುವಾಗ ಕಾಲ ಕೆಳಗೆ ಏನೋ ಮೆತ್ತಗೆ ಸಿಕ್ಕಿತು. ಅದು ಸಣ್ಣ ಹುಡುಗಿಯ ದನಿಯಲ್ಲಿ "ಐ ಲವ್ ಯೂ" ಅಂದಿತು. ಮಗಳ ಬ್ಯಾಟರಿ ಗೊಂಬೆ. ಅದು ನನಗೆ ಗೊತ್ತಾಗುವಷ್ಟರಲ್ಲಿ ಮೇಲಿನ ಮನೆಯವರೂ ಟಾರ್ಚ್ ಹಿಡಿದು ಕೆಳಗೆ ಬಂದಿದ್ದರು. ಮಾರನೇ ದಿನ ಅಮ್ಮ ನನಗೆ ದೃಷ್ಟಿ ತೆಗೆದರು.

ಡಿಸೆಂಬರಿಗೆ ಪತ್ತೇದಾರಿ. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಎರಡು ಸಿಕ್ಕವು, ಜೋಡಿಗೆ ಅರವತ್ತು ರೂಪಾಯಿ. ಒಂದರ ಮುಂದಿನ ರಟ್ಟು ಹೋಗಿತ್ತು, ಇನ್ನೊಂದು ಹಸಿರು ರಟ್ಟಿನದು. ರಟ್ಟಿಲ್ಲದ್ದನ್ನು ಮೊದಲು ಹಿಡಿದೆ. ಕೊಲೆ ಆಗಿದೆ, ಐದು ಜನರ ಮೇಲೆ ಅನುಮಾನ, ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಒಬ್ಬನ ಕಡೆಗೆ ಬೆರಳು ತೋರಿಸಿ, "ಕೊಲೆಗಾರ ಬೇರೆ ಯಾರೂ ಅಲ್ಲ," ಅನ್ನುತ್ತಾನೆ. ಪುಟ ತಿರುಗಿಸಿದೆ. ಪುಟವೇ ಇಲ್ಲ. ಯಾರೋ ಪುಣ್ಯಾತ್ಮ ಕೊನೆಯ ಎಂಟು ಪುಟ ಕಿತ್ತಿದ್ದಾನೆ.

ಇಡೀ ವರ್ಷದಲ್ಲಿ ಮೊದಲ ಸಲ, ಪುಸ್ತಕ ಹಿಡಿದುಕೊಂಡು ನಾನಾಗಿಯೇ ಅಮ್ಮನ ಹತ್ತಿರ ಹೋದೆ. ಕಥೆಯೆಲ್ಲ ಹೇಳಿ, ಕೊಲೆ ಮಾಡಿದ್ದು ಯಾರಮ್ಮಾ ಅಂದೆ. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ಇದು ನೆನಪಿಗೆ ಬರ್ತಾ ಇಲ್ಲ ಕಣೋ. ವಾರಕ್ಕೆ ಮೂರು ಓದ್ತಿದ್ದೆ ಆಗ... ತಾಳು, ತಾಳು. ಆ ಎಸ್ಟೇಟ್ ಮ್ಯಾನೇಜರ್ ಅಲ್ವಾ? ಕುಂಟನ ಥರ ನಾಟಕ ಮಾಡ್ತಾ ಇರ್ತಾನೆ ನೋಡು, ಅವನೇ!"

"ಇದರಲ್ಲಿ ಎಸ್ಟೇಟೇ ಇಲ್ಲಮ್ಮ."

"ಹೌದಾ? ಹಾಗಾದ್ರೆ ಅದು ಇನ್ನೊಂದು ಪುಸ್ತಕ. ನಿನ್ನ ದಿಂಬಿನ ಪಕ್ಕದಲ್ಲಿದೆಯಲ್ಲ, ಹಸಿರು ರಟ್ಟಿನದು."