ಓಡುವವನು ಬೇಕೋ ಬೇಡವೋ

ಅಮೆರಿಕದಲ್ಲಿ ಏಪ್ರಿಲ್ ಬಂತೆಂದರೆ ಎರಡು ಕೆಲಸ ಕಡ್ಡಾಯ. ಒಂದು, ತೆರಿಗೆ ಲೆಕ್ಕ ಒಪ್ಪಿಸುವುದು. ಇನ್ನೊಂದು, ನಮ್ಮ ಟೀಮು ಮೊದಲ ಸುತ್ತಿನಲ್ಲಿ ರನ್ನಿಂಗ್ ಬ್ಯಾಕ್ ತಗೋಬೇಕಾ ಬೇಡವಾ ಎಂದು ಜಗಳ ಆಡುವುದು. ತೆರಿಗೆಗಾದರೂ ಏಪ್ರಿಲ್ 15 ಎಂಬ ಗಡುವು ಇದೆ. ಜಗಳಕ್ಕೆ ಅದೂ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇದು ಕಾಲಿಗಿಂತ ಕೈಯಲ್ಲೇ ಜಾಸ್ತಿ ಆಡುವ ಫುಟ್‌ಬಾಲ್. ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಕಾಲೇಜಿನಿಂದ ಬರುವ ಹುಡುಗರನ್ನು ಪ್ರತಿ ವರ್ಷ ಡ್ರಾಫ್ಟ್‌ನಲ್ಲಿ ಹಂಚಿಕೊಳ್ಳುತ್ತಾರೆ. ಒಟ್ಟು ಏಳು ಸುತ್ತು. ಹೋದ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ಸರದಿ ಬಂದಾಗ ಚೀಟಿಯಲ್ಲಿ ಹೆಸರು ಬರೆದು ಕೊಟ್ಟರೆ ಹುಡುಗ ನಿಮ್ಮವನು. ರನ್ನಿಂಗ್ ಬ್ಯಾಕ್ ಅಂದರೆ ಚೆಂಡನ್ನು ಎದೆಗವಚಿಕೊಂಡು ಭಾರೀ ಆಳುಗಳ ಗೋಡೆಯೊಳಗೆ ನುಗ್ಗುವವನು. ನುಗ್ಗುತ್ತಾನೆ, ಬೀಳುತ್ತಾನೆ, ಎದ್ದು ಮತ್ತೆ ನುಗ್ಗುತ್ತಾನೆ. ವಯಸ್ಸು ಇಪ್ಪತ್ತೆಂಟು ದಾಟಿತೋ, ಲೀಗ್ ಅವನನ್ನು ಹಿರಿಯ ನಾಗರಿಕರ ಸಾಲಿಗೆ ಸೇರಿಸುತ್ತದೆ.

ಇಂಥವನನ್ನು ಮೊದಲ ಸುತ್ತಿನಲ್ಲಿ ಆರಿಸಬೇಕಾ? ಈ ಒಂದು ಪ್ರಶ್ನೆಗೆ ದೇಶ ಎರಡು ಪಕ್ಷ ಆಗಿದೆ. ಬೇಡ ಪಕ್ಷದವರ ಕೈಯಲ್ಲಿ ಸದಾ ಲ್ಯಾಪ್‌ಟಾಪ್. ಇಸಯಾ ಪಚೆಕೊ ಎಂಬ ರನ್ನಿಂಗ್ ಬ್ಯಾಕ್ ಇವರ ಕುಲದೇವರು. 2022ರ ಏಳನೇ ಸುತ್ತಿನಲ್ಲಿ, 251ನೇ ಆಯ್ಕೆಯಾಗಿ ಕ್ಯಾನ್ಸಸ್ ಸಿಟಿಗೆ ಹೋದ. ಎರಡು ವರ್ಷ ಸಾಲಾಗಿ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದ. ಅಷ್ಟು ಕೆಳಗೆ ಸಿಗುವ ಮಾಲಿಗೆ ಮೇಲೆ ಯಾಕೆ ದುಡ್ಡು ಸುರಿಯಬೇಕು ಅನ್ನುವುದು ಇವರ ವಾದ. ಬೇಕು ಪಕ್ಷದವರಿಗೆ ಲ್ಯಾಪ್‌ಟಾಪ್ ಬೇಡ, ಕಣ್ಣೇ ಸಾಕು. 'ಹುಡುಗನ ತೊಡೆ ನೋಡಿದ್ದೀರಾ?' ಎಂದು ಕೇಳುತ್ತಾರೆ. ಸತ್ಯವಾಗಿಯೂ ಕೇಳುತ್ತಾರೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಜವಾಬ್ದಾರಿಯ ಕೆಲಸ ಮಾಡುವ ಗಂಡಸರು ಊಟದ ಹೊತ್ತಿನಲ್ಲಿ ಇಪ್ಪತ್ತೊಂದು ವರ್ಷದ ಹುಡುಗನ ತೊಡೆಯ ಸುತ್ತಳತೆ ಚರ್ಚಿಸುತ್ತಾರೆ. ಪಕ್ಕದ ಟೇಬಲ್‌ನವರು ಒಂದಿಷ್ಟೂ ಗಾಬರಿ ಆಗುವುದಿಲ್ಲ.

ಇದನ್ನೆಲ್ಲ ನೋಡಿದಾಗ ನನಗೆ ನೆನಪಾಗುವುದು ನಮ್ಮ ಕಡೆ ಸಂಬಂಧ ನೋಡುವ ಶಾಸ್ತ್ರ. ಫೆಬ್ರವರಿ ಕೊನೆಯ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರೆ. ಎತ್ತರ, ತೂಕ, ಅಂಗೈ ಅಳತೆ ಎಲ್ಲ ಬರೆದುಕೊಳ್ಳುತ್ತಾರೆ. 40 ಯಾರ್ಡ್ ಓಡಿಸುತ್ತಾರೆ. 102 ಕೆಜಿ ಭಾರ ಎಷ್ಟು ಸಲ ಎತ್ತುತ್ತಾನೆ ಎಂದು ಎಣಿಸುತ್ತಾರೆ. ಆಮೇಲೆ ಕೋಣೆಗೆ ಕರೆದು ಮನೆ ಕಡೆ ಹೇಗೆ, ನಡತೆ ಹೇಗೆ ಎಂದು ವಿಚಾರಿಸುತ್ತಾರೆ. ಹಾಡು ಹೇಳಿಸುವುದೊಂದು ಬಾಕಿ. ಜಾತಕ ಎಷ್ಟೇ ಚೆನ್ನಾಗಿ ಕೂಡಿದರೂ ಮೂಲೆಯಲ್ಲಿ ಕೂತ ಒಬ್ಬ ದೊಡ್ಡಪ್ಪನಿಗೆ ಒಪ್ಪಿಗೆ ಇರುವುದಿಲ್ಲ. ಈ ಆಟದಲ್ಲಿ ಆ ದೊಡ್ಡಪ್ಪನಿಗೆ ಅಭಿಮಾನಿ ಎಂದು ಹೆಸರು.

ಅಭಿಮಾನಿ ದೊಡ್ಡಪ್ಪಂದಿರ ರಾಜಧಾನಿ ಫಿಲಡೆಲ್ಫಿಯಾ. 1999ರ ಕಥೆ ಕೇಳಿ. ಈಗಲ್ಸ್ ತಂಡ ಹಿಂದಿನ ವರ್ಷ 16ರಲ್ಲಿ ಮೂರೇ ಪಂದ್ಯ ಗೆದ್ದಿತ್ತು. ಎರಡನೇ ಆಯ್ಕೆ ಕೈಗೆ ಬಂದಿತ್ತು. ಟೆಕ್ಸಸ್ ವಿಶ್ವವಿದ್ಯಾಲಯದ ರಿಕಿ ವಿಲಿಯಮ್ಸ್ ಎಂಬ ರನ್ನಿಂಗ್ ಬ್ಯಾಕ್ ಬೇಕೇ ಬೇಕು ಎಂದು ಊರಿನ ಕ್ರೀಡಾ ರೇಡಿಯೊ ಹಟ ಹಿಡಿಯಿತು. ಮೇಯರ್ ಎಡ್ ರೆಂಡೆಲ್ ಕೂಡ ದನಿ ಸೇರಿಸಿದರು. ಒಂದು ಮಹಾನಗರದ ಮೇಯರ್‌ಗೆ ಏಪ್ರಿಲ್‌ನಲ್ಲಿ ಬೇರೆ ಕೆಲಸ ಇರಲಿಲ್ಲವೇ ಎಂದು ಕೇಳಬೇಡಿ. ಮುಂದೆ ಅವರು ಪೆನ್ಸಿಲ್ವೇನಿಯಾದ ಗವರ್ನರ್ ಕೂಡ ಆದರು. ರನ್ನಿಂಗ್ ಬ್ಯಾಕ್ ವಿಷಯದಲ್ಲಿ ಎಡವಿದರೆ ರಾಜಕೀಯಕ್ಕೆ ಏನೂ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಡ್ರಾಫ್ಟ್ ನಡೆದದ್ದು ನ್ಯೂಯಾರ್ಕ್‌ನಲ್ಲಿ. ರೇಡಿಯೊದವರು ಸುಮಾರು ಮೂವತ್ತು ಅಭಿಮಾನಿಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋದರು. ಈಗಲ್ಸ್ ಸರದಿ ಬಂತು. ವೇದಿಕೆಯಿಂದ ಡಾನೊವನ್ ಮೆಕ್‌ನ್ಯಾಬ್ ಎಂಬ ಕ್ವಾರ್ಟರ್‌ಬ್ಯಾಕ್‌ನ, ಅಂದರೆ ಚೆಂಡು ಎಸೆದು ಆಟ ನಡೆಸುವವನ, ಹೆಸರು ಕೇಳಿತು. ಹುಡುಗ ನಗುತ್ತ ಬಂದ. ಬಸ್ಸಿನ ಪ್ರಯಾಣಿಕರು ಬೂ ಎಂದು ಊಳಿಟ್ಟರು. ಅವನ ಜೀವನದ ದೊಡ್ಡ ದಿನ, ಟಿವಿಯಲ್ಲಿ ದೇಶವೆಲ್ಲ ನೋಡುತ್ತಿತ್ತು. ಇನ್ನೂ ಒಂದು ಚೆಂಡು ಎಸೆದಿಲ್ಲ, ಒಂದು ಪಂದ್ಯ ಸೋತಿಲ್ಲ. ಮುಂಗಡವಾಗಿಯೇ ಬೈಗುಳ ಪಾವತಿ ಆಗಿತ್ತು.

ಮೆಕ್‌ನ್ಯಾಬ್ ಏನು ಮಾಡಿದ? 2001ರಿಂದ ಸಾಲಾಗಿ ನಾಲ್ಕು ವರ್ಷ ತಂಡವನ್ನು ಸೂಪರ್ ಬೌಲ್‌ನ ಬಾಗಿಲವರೆಗೆ ಒಯ್ದ. ನಾಲ್ಕನೇ ಸಲ ಒಳಗೂ ಹೋಗಿ, ಪೇಟ್ರಿಯಟ್ಸ್ ಎದುರು 24–21ರಲ್ಲಿ ಸೋತ. 2013ರಲ್ಲಿ ಅವನ 5ನೇ ನಂಬರಿನ ಅಂಗಿಯನ್ನು ಇನ್ಯಾರಿಗೂ ಕೊಡುವುದಿಲ್ಲ ಎಂದು ಈಗಲ್ಸ್ ಗೌರವಿಸಿತು. ಈಗ ಫಿಲಡೆಲ್ಫಿಯಾದಲ್ಲಿ ಕೇಳಿ ನೋಡಿ. ಅರ್ಧ ಊರು ಅವತ್ತು ಚಪ್ಪಾಳೆ ಹೊಡೆದಿತ್ತಂತೆ. ಉಳಿದರ್ಧ, 'ಸೂಪರ್ ಬೌಲ್ ಗೆಲ್ಲಲಿಲ್ಲ ಅಲ್ವಾ, ನಾವು ಅವತ್ತೇ ಹೇಳಿದ್ದೆವು' ಅನ್ನುತ್ತದೆ. ತಪ್ಪಾಗಿತ್ತು ಅನ್ನುವ ಮೂರನೇ ಅರ್ಧ ಆ ಊರಿನಲ್ಲಿ ಹುಟ್ಟಿಲ್ಲ.

ಹಾಗಾದರೆ ರಿಕಿ ಎಲ್ಲಿಗೆ ಹೋದ? ನ್ಯೂ ಆರ್ಲಿಯನ್ಸ್‌ಗೆ. ಅಲ್ಲಿಯ ಕೋಚ್ ಮೈಕ್ ಡಿಟ್ಕಾ ಬೇಕು ಪಕ್ಷದ ಪರಮ ಭಕ್ತ. ಐದನೇ ಸ್ಥಾನಕ್ಕೆ ಏರಲು ಆ ವರ್ಷದ ತನ್ನೆಲ್ಲ ಆಯ್ಕೆಗಳನ್ನೂ ವಾಷಿಂಗ್ಟನ್ ತಂಡಕ್ಕೆ ಕೊಟ್ಟುಬಿಟ್ಟ. ಸಾಲದು ಅಂತ ಮರುವರ್ಷದ ಮೊದಲ ಮತ್ತು ಮೂರನೇ ಸುತ್ತಿನ ಆಯ್ಕೆಗಳನ್ನೂ ಸೇರಿಸಿದ. ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಒಂದು ಇಡೀ ತಂಡ ಒಬ್ಬನೇ ಒಬ್ಬ ಹುಡುಗನನ್ನು ಮನೆಗೆ ಕರೆತಂದಿತು. ಆಮೇಲೆ ಇಬ್ಬರೂ ಒಂದು ಕ್ರೀಡಾ ಪತ್ರಿಕೆಯ ಮುಖಪುಟಕ್ಕೆ ಪೋಸು ಕೊಟ್ಟರು. ಡಿಟ್ಕಾ ಮದುಮಗ, ರಿಕಿ ಬಿಳಿ ಗೌನು ತೊಟ್ಟ ಮದುಮಗಳು. ಸಂಬಂಧ ನೋಡುವ ಮಾತು ನಾನು ಸುಮ್ನೆ ತಂದದ್ದಲ್ಲ, ನೋಡಿ. ಆ ವರ್ಷ ತಂಡ 13 ಪಂದ್ಯ ಸೋತಿತು. ಮದುಮಗ ಕೆಲಸ ಕಳೆದುಕೊಂಡ. ಮದುಮಗಳು ಮುಂದೆ ಮಯಾಮಿ ಸೇರಿ, 2002ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಯಾರ್ಡ್ ಓಡಿ, 2004ರಲ್ಲಿ ಇದ್ದಕ್ಕಿದ್ದಂತೆ ಆಟ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಆಯುರ್ವೇದ ಕಲಿಯಲು ಹೋದ. ಇಡೀ ಕಥೆಯಲ್ಲಿ ವಾತ, ಪಿತ್ತ, ಕಫ ಮೂರೂ ಹದದಲ್ಲಿದ್ದ ಮನುಷ್ಯ ಅವನೊಬ್ಬನೇ ಅಂತ ನನ್ನ ಅನಿಸಿಕೆ. ಮರುವರ್ಷ ಮತ್ತೆ ಆಡಲು ಬಂದ, ಅದು ಬೇರೆ ಮಾತು.

ಇಷ್ಟಾದ ಮೇಲೆ ಎಲ್ಲರಿಗೂ ಬುದ್ಧಿ ಬಂದಿರಬೇಕು ಅಲ್ವಾ? ಬನ್ನಿ, ನಮ್ಮ ನ್ಯೂಜೆರ್ಸಿಗೆ.

ನ್ಯೂಯಾರ್ಕ್ ಜೈಂಟ್ಸ್ ಎಂಬ ತಂಡ ಹೆಸರಿಗೆ ನ್ಯೂಯಾರ್ಕಿನದು. ಆಡುವುದು, ಸೋಲುವುದು ಎರಡೂ ನ್ಯೂಜೆರ್ಸಿಯಲ್ಲೇ. ದಕ್ಷಿಣಕ್ಕೆ ಹೋದಂತೆ ಈಗಲ್ಸ್ ಸೀಮೆ. ನಡುವೆ ಸಿಕ್ಕಿಕೊಂಡವರು ಎಡಿಸನ್ ಸುತ್ತಮುತ್ತಲ ನಾವು. ನಮ್ಮಲ್ಲಿ ಮಕ್ಕಳಿಂದ ಈ ಆಟ ಕಲಿತವರೇ ಜಾಸ್ತಿ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಒಬ್ಬಟ್ಟಿನ ಎರಡನೇ ಸುತ್ತಿನ ಜೊತೆಗೇ ಡ್ರಾಫ್ಟ್‌ನ ಮೊದಲ ಸುತ್ತು ಶುರುವಾಗುತ್ತದೆ. ಹೊಸದಾಗಿ ಬಂದವರಿಗೆ ಒಂದು ಕಿವಿಮಾತು. ನಿಯಮ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಎಲ್ಲರ ಮಾತು ಕೇಳಿ, ಕೊನೆಗೆ ಗಂಭೀರವಾಗಿ, 'ಏನೇ ಹೇಳಿ ಸಾರ್, ಲೈನ್ ಸರಿ ಇಲ್ಲ' ಎಂದುಬಿಡಿ. ಮುಂದೆ ನಿಂತು ದಾರಿ ಮಾಡಿಕೊಡುವ ದಡಿಯರ ಸಾಲಿಗೆ ಲೈನ್ ಅನ್ನುತ್ತಾರೆ. ಅದು ಸರಿ ಇದೆ ಅಂತ ನಿಮ್ಮ ಜೊತೆ ವಾದಿಸಲು ಇಲ್ಲಿಯವರೆಗೆ ಒಬ್ಬ ಜೈಂಟ್ಸ್ ಅಭಿಮಾನಿಯೂ ಮುಂದೆ ಬಂದಿಲ್ಲ.

2018ರಲ್ಲಿ ಜೈಂಟ್ಸ್‌ಗೆ ಎರಡನೇ ಆಯ್ಕೆ ಸಿಕ್ಕಿತು. ಕ್ವಾರ್ಟರ್‌ಬ್ಯಾಕ್ ಈಲೈ ಮ್ಯಾನಿಂಗ್‌ಗೆ ಆಗಲೇ 37. ಹೊಸ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. ಆ ಡ್ರಾಫ್ಟ್‌ನಲ್ಲಿ ಜಾಶ್ ಅಲೆನ್ ಇದ್ದ, ಲಮಾರ್ ಜಾಕ್ಸನ್ ಇದ್ದ. ಜನರಲ್ ಮ್ಯಾನೇಜರ್ ಡೇವ್ ಗೆಟಲ್‌ಮನ್ ಆರಿಸಿದ್ದು ಸೇಕ್ವಾನ್ ಬಾರ್ಕ್ಲಿ ಎಂಬ ರನ್ನಿಂಗ್ ಬ್ಯಾಕ್. ಹುಡುಗನನ್ನು ದೇವರೇ ಮುಟ್ಟಿ ಕಳಿಸಿದ್ದಾನೆ ಎಂದರು. ಲೆಕ್ಕಾಚಾರದವರ ಬಗ್ಗೆ ಕೇಳಿದಾಗ ಗಾಳಿಯಲ್ಲೇ ಕೀಬೋರ್ಡ್ ಕುಟ್ಟಿ ಅಣಕಿಸಿದರು. ಬೇಕು ಪಕ್ಷ ಕುಣಿಯಿತು. ಬೇಡ ಪಕ್ಷ ಎಕ್ಸೆಲ್ ಶೀಟಿನ ಮೇಲೆ ತಲೆಯಿಟ್ಟು ಅತ್ತಿತು.

ಬಾರ್ಕ್ಲಿ ಮೊದಲ ವರ್ಷವೇ ಪ್ರಶಸ್ತಿ ಗೆದ್ದ. ತಂಡ 11 ಪಂದ್ಯ ಸೋತಿತು. 2020ರಲ್ಲಿ ಮೊಣಕಾಲು ಹೋಯಿತು. ಆರು ವರ್ಷದಲ್ಲಿ ತಂಡ ಪ್ಲೇಆಫ್ ಕಂಡದ್ದು ಒಂದೇ ಸಲ. 2023ರಲ್ಲಿ ಸಂಬಳ ಜಾಸ್ತಿ ಕೇಳಿದ್ದಕ್ಕೆ ಫ್ರಾಂಚೈಸ್ ಟ್ಯಾಗ್ ಹಾಕಿದರು. ಅಂದರೆ ಬೇರೆಡೆ ಹೋಗದಂತೆ ಒಂದು ವರ್ಷ ಕಟ್ಟಿಹಾಕುವ ಹಗ್ಗ. ಆ ವರ್ಷ ರನ್ನಿಂಗ್ ಬ್ಯಾಕ್‌ನ ಹಗ್ಗದ ಬೆಲೆ ಸುಮಾರು 1 ಕೋಟಿ ಡಾಲರ್, ಕ್ವಾರ್ಟರ್‌ಬ್ಯಾಕ್‌ನದು 3 ಕೋಟಿಗೂ ಮೇಲೆ. ರನ್ನಿಂಗ್ ಬ್ಯಾಕ್‌ಗಿಂತ ಕಡಿಮೆ ಇದ್ದದ್ದು ಚೆಂಡು ಒದೆಯಲು ಮಾತ್ರ ಮೈದಾನಕ್ಕೆ ಬಂದು ಹೋಗುವವರಿಗೆ. ಆ ಜುಲೈನಲ್ಲಿ ಲೀಗಿನ ದೊಡ್ಡ ರನ್ನಿಂಗ್ ಬ್ಯಾಕ್‌ಗಳೆಲ್ಲ ಝೂಮ್ ಕರೆಯಲ್ಲಿ ಸೇರಿ ಕಷ್ಟ ಸುಖ ಹಂಚಿಕೊಂಡರು. ಝೂಮ್ ಮೀಟಿಂಗ್‌ನಿಂದ ಏನು ಹೊರಬರುತ್ತದೆ ಅಂತ ಐಟಿಯಲ್ಲಿರುವ ನಿಮಗೆ ನಾನು ಹೇಳಬೇಕೇ?

ಮಾರ್ಚ್ 2024ರಲ್ಲಿ ಹಗ್ಗ ಬಿಚ್ಚಿದರು. ಬಾರ್ಕ್ಲಿ ನೇರವಾಗಿ ಫಿಲಡೆಲ್ಫಿಯಾಕ್ಕೆ ಹೋದ. 3 ವರ್ಷಕ್ಕೆ 3.775 ಕೋಟಿ ಡಾಲರ್. ಅವನು ಅಲ್ಲಿಗೆ ಹೋದರೆ ತನಗೆ ನಿದ್ದೆ ಬರುವುದಿಲ್ಲ ಎಂದು ಜೈಂಟ್ಸ್ ಮಾಲೀಕ ಜಾನ್ ಮಾರಾ ಮೊದಲೇ ಹೇಳಿದ್ದರು. ಅದೂ ಟಿವಿ ಕ್ಯಾಮೆರಾ ಮುಂದೆ. ಯಾವ ತಂಡವೂ ಹೊರಗೆ ಬಿಡಬಾರದ ಮಾತುಕತೆಯನ್ನು ಶೂಟ್ ಮಾಡಲು ಜೈಂಟ್ಸ್ ತಾನಾಗಿಯೇ ಒಪ್ಪಿಕೊಂಡಿತ್ತು.

ಆ ಸೀಸನ್‌ನಲ್ಲಿ ಬಾರ್ಕ್ಲಿ 2,005 ಯಾರ್ಡ್ ಓಡಿದ. ಒಂದು ಸಲವಂತೂ ಎದುರಾಳಿಗೆ ಬೆನ್ನು ಹಾಕಿ ಹಿಮ್ಮುಖವಾಗಿ ಹಾರಿ ಅವನ ತಲೆ ದಾಟಿದ. ಒಂದು ಸೀಸನ್‌ನ ದಾಖಲೆ ಎರಿಕ್ ಡಿಕರ್ಸನ್‌ 1984ರಲ್ಲಿ ಓಡಿದ 2,105. ಮುಟ್ಟಲು ಇನ್ನು 100 ಯಾರ್ಡ್ ಬಾಕಿ. ಲೀಗ್ ಹಂತದ ಕೊನೆಯ ಪಂದ್ಯ ಜೈಂಟ್ಸ್ ಮೇಲೆಯೇ ಇತ್ತು. ಈಗಲ್ಸ್ ಅವನನ್ನು ಆಡಿಸದೆ ವಿಶ್ರಾಂತಿ ಕೊಟ್ಟಿತು. ಜೈಂಟ್ಸ್ ಆಗಲೂ 20–13ರಲ್ಲಿ ಸೋತಿತು. ಫೆಬ್ರವರಿ 9, 2025, ತನ್ನ 28ನೇ ಹುಟ್ಟುಹಬ್ಬದ ದಿನ ಬಾರ್ಕ್ಲಿ ಸೂಪರ್ ಬೌಲ್ ಗೆದ್ದ.

ಈಗ ಬೇಕು ಪಕ್ಷ ಗೆದ್ದಿತು ಅಂದುಕೊಂಡಿರಾ? ಫೈನಲ್‌ನಲ್ಲಿ ಅವನು ಓಡಿದ್ದು 25 ಸಲಕ್ಕೆ ಬರೀ 57 ಯಾರ್ಡ್, ಪಂದ್ಯಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್, ಆದ್ದರಿಂದ ನಮ್ಮದೇ ಸರಿ ಎಂದಿತು ಬೇಡ ಪಕ್ಷ. ಎದುರಾಳಿಗಳೆಲ್ಲ ಅವನ ಹಿಂದೆ ಬಿದ್ದದ್ದರಿಂದಲೇ ಹರ್ಟ್ಸ್‌ಗೆ ದಾರಿ ಸಿಕ್ಕಿತು, ಆದ್ದರಿಂದ ನಮ್ಮದೇ ಸರಿ ಎಂದಿತು ಬೇಕು ಪಕ್ಷ. ಅದೆಲ್ಲ ಬಿಡಿ, ಲೈನ್ ಎಂದರು ನಮ್ಮ ಒಬ್ಬಟ್ಟಿನ ಪಂಕ್ತಿಯವರು. ಮೊದಲ ಬಾರಿಗೆ ಅವರ ಮಾತಿನಲ್ಲಿ ಅರ್ಥ ಇತ್ತು. ಬಾರ್ಕ್ಲಿಗೆ ದಾರಿ ಮಾಡಿಕೊಟ್ಟವರಲ್ಲಿ ಜಾರ್ಡನ್ ಮೈಲಾಟಾ ಒಬ್ಬ. ಆರಡಿ ಎಂಟಂಗುಲ, ಸುಮಾರು 165 ಕೆಜಿ. ಆಸ್ಟ್ರೇಲಿಯಾದ ರಗ್ಬಿ ಆಟಗಾರ. ಅಮೆರಿಕನ್ ಫುಟ್‌ಬಾಲಿನ ಒಂದು ಪಂದ್ಯವನ್ನೂ ಆಡಿರದ ಅವನನ್ನು ಈಗಲ್ಸ್ ಆರಿಸಿದ್ದು 233ನೇ ಆಯ್ಕೆಯಾಗಿ. ಯಾವ ವರ್ಷ? 2018. ಜೈಂಟ್ಸ್ ಎರಡನೇ ಆಯ್ಕೆಯಲ್ಲಿ ಬಾರ್ಕ್ಲಿಯನ್ನು ತಂದ ಅದೇ ಡ್ರಾಫ್ಟ್. ಆಗ ಯಾವ ಪಕ್ಷವೂ ಇವನ ತೊಡೆ ನೋಡಿರಲಿಲ್ಲ.

ಅಂದಹಾಗೆ, 251ನೇ ಆಯ್ಕೆಯ ಕುಲದೇವರು ಪಚೆಕೊ ನಮ್ಮ ನ್ಯೂಜೆರ್ಸಿಯ ಹುಡುಗ. ಓದಿದ್ದು ಎಡಿಸನ್ ಪಕ್ಕದ ರಟ್ಗರ್ಸ್‌ನಲ್ಲಿ. ಜೈಂಟ್ಸ್‌ಗೆ ಅವನೂ ಕಾಣಲಿಲ್ಲ.

2024ರಲ್ಲಿ ಡೆಟ್ರಾಯಿಟ್‌ನಲ್ಲಿ ನಡೆದ ಡ್ರಾಫ್ಟ್‌ಗೆ ಮೂರು ದಿನದಲ್ಲಿ 7.75 ಲಕ್ಷ ಜನ ಸೇರಿದರು. ಪಂದ್ಯ ನೋಡಲು ಅಲ್ಲ, ಹೆಸರು ಓದುವುದನ್ನು ಕೇಳಲು. ರನ್ನಿಂಗ್ ಬ್ಯಾಕ್ ಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡವರೂ ಅದರಲ್ಲಿ ಇದ್ದರು. ಮೊದಲ ಸುತ್ತಿನಲ್ಲಿ 32 ಹೆಸರು ಓದಿದರು. ಒಬ್ಬನೂ ರನ್ನಿಂಗ್ ಬ್ಯಾಕ್ ಇರಲಿಲ್ಲ. ಮರುದಿನ 46ನೇ ಆಯ್ಕೆಯಾಗಿ ಕ್ಯಾರೊಲೈನಾ ತಂಡ ಒಬ್ಬನನ್ನು ಆರಿಸಿತು, ಅದೂ ಕಾಲೇಜಿನಲ್ಲೇ ಮೊಣಕಾಲು ಮುರಿದುಕೊಂಡಿದ್ದವನನ್ನು. ಬೇಡ ಪಕ್ಷ ಸಂಭ್ರಮಿಸಿತು. ಆದರೆ ಸಂಭ್ರಮ ಒಂದೇ ವರ್ಷ. 2025ರಲ್ಲಿ ಲಾಸ್ ವೇಗಸ್ ತಂಡ ಆರನೇ ಆಯ್ಕೆಯಲ್ಲೇ ಆಷ್ಟನ್ ಜೆಂಟಿಯನ್ನು ಎತ್ತಿಕೊಂಡಿತು. ಎಕ್ಸೆಲ್ ಶೀಟುಗಳು ಮತ್ತೆ ತೆರೆದವು.

ಈ ಜಗಳದ ಮೂಲ ಹುಡುಕಿದರೆ 1936ರ ಮೊಟ್ಟಮೊದಲ ಡ್ರಾಫ್ಟ್‌ಗೇ ಹೋಗಬೇಕು. ನಡೆದದ್ದು ಇನ್ನೆಲ್ಲಿ, ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ. ಕಪ್ಪು ಹಲಗೆಯ ಮೇಲೆ 90 ಹೆಸರು. ಮೊದಲ ಆಯ್ಕೆ ಯಾರದ್ದು? ಈಗಲ್ಸ್‌ನದು. ಆರಿಸಿದ್ದು ಶಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್‌ನನ್ನು. ಅವನೂ ಚೆಂಡು ಹಿಡಿದು ಓಡುವವನೇ. ಅವನು ಕೇಳಿದಷ್ಟು ದುಡ್ಡು ಯಾರೂ ಕೊಡಲಿಲ್ಲ. ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಬೇರೆ ಕೆಲಸ ನೋಡಿಕೊಂಡ. ಈಗಲ್ಸ್ ಆ ವರ್ಷ 12 ಪಂದ್ಯದಲ್ಲಿ 11 ಸೋತಿತು. ಅವನು ಬಂದಿದ್ದರೆ ಹತ್ತೇ ಸೋಲುತ್ತಿದ್ದರು ಎಂದು ಬೇಕು ಪಕ್ಷ. ಅವನಿಗೆ ಕೊಡದೆ ಉಳಿಸಿದ ದುಡ್ಡನ್ನು ಲೈನ್‌ಗೆ ಹಾಕಬಹುದಿತ್ತು ಎಂದು ಬೇಡ ಪಕ್ಷ.