ಕುದ್ರುವಿನಲ್ಲಿ ಬೋರು ಹೊಡೆಸಬೇಡಿ

“ಇನ್ನೊಂದು ನೂರು ಅಡಿ ಹೋಗುವ ಸಾರ್, ಸಿಹಿ ನೀರು ಸಿಕ್ಕಿಯೇ ಸಿಗ್ತದೆ.”

ಭಾನುವಾರ ಮಧ್ಯಾಹ್ನ ಕೇಳಿದ ಮಾತು ಇದು. ಇವತ್ತು ಗುರುವಾರ. ಇನ್ನೂ ಕಿವಿಯಲ್ಲೇ ಇದೆ. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಕೆಮ್ಮಣ್ಣು ಕಡೆ, ಸ್ವರ್ಣಾ ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ ನಮ್ಮ ದೊಡ್ಡಮ್ಮನ ಮನೆ ಇದೆ. ಘಟ್ಟದ ಮೇಲಿನ ಗೆಳೆಯರಿಗಾಗಿ ಹೇಳುತ್ತೇನೆ, ಕುದ್ರು ಅಂದರೆ ಹೊಳೆಯೊಳಗಿನ ದ್ವೀಪ. ಸುತ್ತ ನೀರು, ನಡುವೆ ಹೊಯಿಗೆ (ಮರಳು), ತೆಂಗಿನ ತೋಟ, ಹತ್ತಿಪ್ಪತ್ತು ಮನೆ. ಮಳೆಗಾಲದಲ್ಲಿ ಹೊಳೆ ಸಿಹಿ. ಡಿಸೆಂಬರ್ ಕಳೆದ ಮೇಲೆ ಸಮುದ್ರದ ಉಬ್ಬರ ಒಳಗೆ ಬಂದು ಹೊಳೆಯೇ ಉಪ್ಪಾಗುತ್ತದೆ. ಸಂಬಂಧಿಕರ ಊಟ ಇತ್ತು ಅಂತ ಹೋದೆ. ಹೋಗಿ ನೋಡಿದರೆ ಅಂಗಳದ ಆಚೆ ಬೋರಿನ ಲಾರಿ ನಿಂತಿದೆ. ತೆಂಗಿನಕಾಯಿ ಒಡೆದಾಗಿದೆ, ಊದುಬತ್ತಿ ಉರಿಯುತ್ತಿದೆ, ಮಕ್ಕಳೆಲ್ಲ ಬೂದು ಬಣ್ಣದ ಕೆಸರು ಚಿಮ್ಮುವುದನ್ನು ನೋಡುತ್ತಾ ಕುಣಿಯುತ್ತಿದ್ದಾರೆ.

140 ಅಡಿಗೆ ನೀರು ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಚೀಲದಲ್ಲಿ ಯಾವಾಗಲೂ ಒಂದು ಮೀಟರ್ ಇರುತ್ತದೆ, ನಿಮಗೆಲ್ಲ ಗೊತ್ತು. ನೀರಿನಲ್ಲಿ ಅದ್ದಿದರೆ ಮೈಕ್ರೊಸೀಮೆನ್ಸ್ ಅನ್ನುವ ಲೆಕ್ಕದಲ್ಲಿ ಉಪ್ಪಿನ ಅಂದಾಜು ಕೊಡುತ್ತದೆ. ಒಂದು ಚೊಂಬು ನೀರು ಹಿಡಿದು ಅದ್ದಿದೆ. 9,400. ಇಂಥ ದ್ವೀಪಗಳಲ್ಲಿ ನೀರಿನ ಕೆಲಸ ಮಾಡುವ ನಾವು 2,500 ದಾಟಿದರೆ ಕುಡಿಯುವ ನೀರು ಅನ್ನುವುದಿಲ್ಲ. ಮಳೆ ನೀರು ಐವತ್ತರ ಒಳಗೆ, ಸಮುದ್ರ ಐವತ್ತು ಸಾವಿರದ ಆಸುಪಾಸು. ಅಣ್ಣ ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿ ಉಗುಳಿದ. ಆಗ ಬಂತು ಬೋರಿನ ಲಾರಿಯವರ ಆ ಮಾತು. ಇನ್ನೊಂದು ನೂರು ಅಡಿ.

ಅಣ್ಣ ನನ್ನ ಮುಖ ನೋಡಿದ. ನಾನು ಬೇಡ ಅಂದೆ. ಮೂರು ಸಲ ಬೇಡ ಅಂದೆ. ಅಷ್ಟು ಖರ್ಚು ಮಾಡಿ ಬರಿಗೈಯಲ್ಲಿ ನಿಲ್ಲಿಸುವುದು ಹೇಗೆ ಅಂತ ಅವನ ಸಂಕಟ. ಹೊಡೆಸಿದ. 240 ಅಡಿಯಲ್ಲಿ 21,000.

ಬೋರಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ದೊಡ್ಡಮ್ಮನ ಹಳೆಯ ಬಾವಿ ಇದೆ. ಕೆಂಪುಕಲ್ಲು ಕಟ್ಟಿದ ಬಾವಿ. ಎರಡು ಆಳು ಆಳ ಅಷ್ಟೇ. ಬಗ್ಗಿ ನೋಡಿದರೆ ತಳದ ಹೊಯಿಗೆ ಕಾಣುತ್ತದೆ. ಅದರಲ್ಲಿ ಮೀಟರ್ ಇಳಿಸಿದೆ. 410. ಉಡುಪಿ ಪೇಟೆಯ ಎಷ್ಟೋ ಬಾವಿಗಳಿಗಿಂತ ಒಳ್ಳೆಯ ನೀರು! ಏಪ್ರಿಲ್ ತಿಂಗಳಲ್ಲಿ, ನಾಲ್ಕೂ ಕಡೆ ಉಪ್ಪು ನೀರಿನ ನಡುವೆ!

ದ್ವೀಪದಲ್ಲಿ ಸಿಹಿ ನೀರು ಮೇಲಿರುತ್ತದೆ. ಕೆಳಗೆ ಇರುವುದು ಉಪ್ಪು. ನಾನು ಹೇಳಬೇಕಾದದ್ದು ಇಷ್ಟೇ, ಇದನ್ನೇ ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಹೊಯಿಗೆಯಲ್ಲಿ ಇಳಿದ ಮಳೆ ನೀರು ಅಡಿಯ ಉಪ್ಪು ನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ, ಹಾಲಿನ ಮೇಲೆ ಕೆನೆ ನಿಂತ ಹಾಗೆ. ಒಂದು ಲೀಟರ್ ಸಮುದ್ರದ ನೀರು ಅಷ್ಟೇ ಸಿಹಿ ನೀರಿಗಿಂತ ಸುಮಾರು 25 ಗ್ರಾಂ ಜಾಸ್ತಿ ತೂಗುತ್ತದೆ. ಸಾವಿರ ಗ್ರಾಮಿಗೆ 25, ಅಂದರೆ 40ರಲ್ಲಿ ಒಂದು ಪಾಲು. ಹಾಗಾಗಿ ಬಾವಿಯ ನೀರು ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿ ನೀರು ಇರಬಹುದು. ಕುದ್ರುವಿನಲ್ಲಿ ಬೇಸಿಗೆಗೆ ಒಂದು ಅಡಿ ಎಲ್ಲಿರುತ್ತದೆ? ಅರ್ಧ ಅಡಿ ಇದ್ದರೆ ಪುಣ್ಯ. ಅಂದರೆ 20 ಅಡಿ. ಅದರಲ್ಲೂ ಅಡಿಭಾಗ ಉಪ್ಪು ಬೆರೆತ ನೀರು. ಇದು ಹೊಸ ವಿಜ್ಞಾನ ಏನಲ್ಲ. ಹಾಲೆಂಡಿನ ಬಾಡೊನ್ ಗಿಬೆನ್ 1880ರ ದಶಕದ ಕೊನೆಗೆ, ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿ ಬರೆದಿಟ್ಟ ಲೆಕ್ಕ.

ಈ ಲೆಕ್ಕ ಉಲ್ಟಾ ಕೂಡ ಕೆಲಸ ಮಾಡುತ್ತದೆ. ಜನಕ್ಕೆ ಇದನ್ನೇ ಮನದಟ್ಟು ಮಾಡಿಸಲು ಆಗುತ್ತಿಲ್ಲ. ಮೋಟಾರು ಹಾಕಿ ನೀರಿನ ಮಟ್ಟವನ್ನು ಒಂದು ಇಂಚು ಇಳಿಸಿ ಹಾಗೇ ಇಟ್ಟರೆ, ಕೆಳಗಿನ ಉಪ್ಪು ನೀರು 40 ಇಂಚು ಮೇಲಕ್ಕೆ ಬರಲು ದಾರಿಯಾಗುತ್ತದೆ. ಇವತ್ತೇ ಬರುವುದಿಲ್ಲ, ನಿಧಾನವಾಗಿ ಏರುತ್ತದೆ. ಇಳಿಸಲು ಹೋದರೆ ಮಾತ್ರ ಸುಲಭಕ್ಕೆ ಇಳಿಯುವುದಿಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಇಲ್ಲಿಯವರೆಗೆ ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ಕಿರಿಬಾಸ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಪೆಸಿಫಿಕ್ ಸಾಗರದ ನಡುವೆ 33 ದ್ವೀಪಗಳ ದೇಶ ಅದು. ಹೊರಗಿನ ಒಂದು ಸಣ್ಣ ದ್ವೀಪದ ಶಾಲೆಯ ಬಾವಿಗೆ ದೊಡ್ಡ ಪಂಪು ಹಾಕಿಸಿದ್ದು ನಾನೇ. ಮೀಟರ್ 600 ತೋರಿಸುತ್ತಿತ್ತು, ಧೈರ್ಯ ಮಾಡಿದೆ. ಎಂಟು ತಿಂಗಳಿಗೆ ಮತ್ತೆ ಹೋದಾಗ ಆ ಊರಿನ ಹಿರಿಯರೊಬ್ಬರು ಏನೂ ಮಾತಾಡದೆ ನನ್ನ ಕೈ ಹಿಡಿದು ಒಂದು ಹೊಂಡದ ಹತ್ತಿರ ಕರೆದುಕೊಂಡು ಹೋದರು. ಅಲ್ಲಿಯವರು ನೆಲವನ್ನು ನೀರು ಸಿಗುವವರೆಗೆ ಅಗೆದು, ಆ ಹೊಂಡದಲ್ಲಿ ಬಬಾಯ್ ಅಂತ ಒಂದು ಗಡ್ಡೆ ಬೆಳೆಸುತ್ತಾರೆ. ನಮ್ಮ ಪತ್ರೊಡೆಯ ಕೆಸುವಿನ ಬಳಗದ್ದೇ, ಎಲೆ ಮಾತ್ರ ಮನುಷ್ಯನಷ್ಟು ದೊಡ್ಡದು. ಮದುವೆಗೂ ಹಬ್ಬಕ್ಕೂ ಅದೇ ಬೇಕು. ಎಲೆಗಳ ಅಂಚು ಹಳದಿಯಾಗಿ ಸುಟ್ಟ ಹಾಗಿತ್ತು. ಮೀಟರ್ ಅದ್ದುವುದೇ ಬೇಡವಾಗಿತ್ತು. ಅವರು ಬೈದಿದ್ದರೆ ನನಗೆ ಸ್ವಲ್ಪ ಹಗುರ ಆಗುತ್ತಿತ್ತು. ಬೈಯಲಿಲ್ಲ. ಎಳನೀರು ಕೊಟ್ಟರು. ಆ ಎಳನೀರು ಗಂಟಲಲ್ಲಿ ಇಳಿಯಲಿಲ್ಲ.

ಅದೇ ದೇಶದ ದಕ್ಷಿಣ ತರಾವಾದಲ್ಲಿ ನೀರು ತೆಗೆಯುವ ರೀತಿ ನೋಡಬೇಕು. ಬೊನ್ರಿಕಿ ಅಂತ ಒಂದು ಜಾಗ, ವಿಮಾನ ನಿಲ್ದಾಣವೂ ಅಲ್ಲೇ ಇದೆ. ನೀರು ತೆಗೆಯಲು ಅಲ್ಲಿ ಯಾರೂ ಕೆಳಕ್ಕೆ ಕೊರೆದಿಲ್ಲ. ನೀರಿನ ಮಟ್ಟಕ್ಕೆ ಸರಿಯಾಗಿ, ತೂತು ಮಾಡಿದ ಪೈಪುಗಳನ್ನು ನೆಲದೊಳಗೆ ಅಡ್ಡಕ್ಕೆ ಮಲಗಿಸಿದ್ದಾರೆ, ನೂರಾರು ಮೀಟರ್ ಉದ್ದಕ್ಕೆ. ಕೆನೆ ತೆಗೆದ ಹಾಗೆ ಮೇಲಿಂದ ಮೇಲೆ ತೆಗೆಯುತ್ತಾರೆ. ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪ, ಒಂದೇ ಕಡೆಯಿಂದ ಜಾಸ್ತಿ ಅಲ್ಲ. ಆ ನೀರಿನ ಮೇಲೆ ಮನೆ ಕಟ್ಟಬಾರದು ಅಂತ ಜಾಗ ಬಿಟ್ಟುಕೊಟ್ಟವರ ದುಃಖ ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ನಮ್ಮ ದೊಡ್ಡಮ್ಮನ ಅತ್ತೆಗೆ ತರಾವಾ ಗೊತ್ತಿರಲಿಲ್ಲ, ಹರ್ಜ್‌ಬರ್ಗ್ ಗೊತ್ತಿರಲಿಲ್ಲ. ಆದರೆ ಅವರದ್ದೊಂದು ಕಟ್ಟುನಿಟ್ಟು ಇತ್ತು. ಬಾವಿಯಲ್ಲಿ ಕೆಳಗಿನಿಂದ ಎರಡನೇ ಸಾಲಿನ ಕಲ್ಲು ಕಂಡರೆ ಆವತ್ತಿಗೆ ಹಗ್ಗ ಮೇಲೆ. ಮರುದಿನ ಬೆಳಿಗ್ಗೆಯೇ ಮತ್ತೆ ಸೇದುವುದು. ಬಟ್ಟೆಗೆ, ದನಕ್ಕೆ, ಗಿಡಕ್ಕೆ ಹೊಳೆಬದಿಯ ಬೇರೆ ಹೊಂಡ. ಕುಡಿಯುವ ಬಾವಿ ಕುದ್ರುವಿನ ನಡುಮಧ್ಯದಲ್ಲಿ, ಯಾಕೆಂದರೆ ಸಿಹಿ ನೀರು ನಡುವೆಯೇ ದಪ್ಪ. ದೊಡ್ಡಮ್ಮ ಭಾನುವಾರ ಜಗಲಿಯಲ್ಲಿ ಕೂತು ಇದನ್ನೆಲ್ಲ ಹೇಳಿದರು. “ಮಗಾ, ನಾವು ಕೊಡಪಾನದಲ್ಲಿ ಸೇದುವಾಗ ಈ ಬಾವಿ ಒಂದು ವರ್ಷವೂ ಉಪ್ಪು ಆಗ್ಲಿಲ್ಲ. ಮೋಟಾರು ಹಾಕಿದ ಮೇಲೆ ಮೇ ತಿಂಗಳಲ್ಲಿ ಚಾ ಒಡೀತದೆ.” ಉಪ್ಪು ನೀರಿಗೆ ಹಾಲು ಒಡೆಯುವುದನ್ನು ಅವರು ಗಮನಿಸಿದ್ದರು. ಯಾರೂ ಅವರನ್ನು ಕೇಳಿರಲಿಲ್ಲ.

ಅಣ್ಣನ ಮೇಲೆ ನನಗೆ ಕೋಪ ಇಲ್ಲ. ಬೆಳಿಗ್ಗೆ ಮೋಟಾರು ಹಾಕಿದರೆ 2,000 ಲೀಟರಿನ ಟ್ಯಾಂಕಿ ಅರ್ಧ ತುಂಬುವಷ್ಟರಲ್ಲಿ ಬಾವಿ ತಳ ಕಾಣುತ್ತದೆ. ಬಾವಿ ಸಾಕಾಗುವುದಿಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಬಾವಿಯಲ್ಲಿ ನೀರಿಗೆ ಕಡಿಮೆ ಇಲ್ಲ. ಅರ್ಧ ಗಂಟೆಯಲ್ಲಿ ಎಳೆಯುವುದನ್ನು ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ ಎಳೆದರೆ ಅದೇ ಬಾವಿ ಅಷ್ಟೇ ನೀರು ಕೊಡುತ್ತದೆ, ಸಿಹಿಯಾಗಿಯೇ ಕೊಡುತ್ತದೆ. ಪಂಪಿನ ಬಾಯಿ ತಳದಲ್ಲಿ ಇರಬಾರದು. ತೇಲುವ ಡಬ್ಬಕ್ಕೆ ಕಟ್ಟಿ ಮೇಲ್ಮೈಯಿಂದ ಒಂದಡಿ ಕೆಳಗೆ ಇರಬೇಕು. ಇನ್ನೂ ಬೇಕಾದರೆ ಐವತ್ತು ಮೀಟರ್ ಆಚೆ ಹತ್ತು ಹನ್ನೆರಡು ಅಡಿಯ ಇನ್ನೊಂದು ರಿಂಗ್ ಬಾವಿ. ಬೋರಿನ ದುಡ್ಡಿನಲ್ಲಿ ಇಷ್ಟೆಲ್ಲ ಮಾಡಿ ಇನ್ನೂ ಉಳಿಯುತ್ತಿತ್ತು.

ಮತ್ತೆ ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ. ತರಾವಾದಲ್ಲಿ ಅದರ ಅರ್ಧ. ತುವಾಲು ಅನ್ನುವ ಪಕ್ಕದ ದೇಶ ಕುಡಿಯುವ ನೀರಿಗೆ ಮಳೆಯನ್ನೇ ನಂಬಿದೆ. 2011ರಲ್ಲಿ ಮಳೆ ಕೈಕೊಟ್ಟು ತುರ್ತು ಪರಿಸ್ಥಿತಿ ಸಾರಬೇಕಾಯಿತು. ನಮಗೆ ಆ ಭಯವೇ ಇಲ್ಲ. ಸಾವಿರ ಚದರ ಅಡಿಯ ಮಾಡಿನ ಮೇಲೆ ಒಂದು ಮಳೆಗಾಲದಲ್ಲಿ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಅಂತ ದಿನಕ್ಕೆ 50 ಲೀಟರ್ ಹಿಡಿದರೂ ಆರು ತಿಂಗಳ ಒಣಗಾಲಕ್ಕೆ ಬೇಕಾದದ್ದು 9,000 ಲೀಟರ್. ಒಂದು ಟ್ಯಾಂಕಿ ಸಾಕು. ಆ ಒಂದು ಟ್ಯಾಂಕಿ ಕುದ್ರುವಿನಲ್ಲಿ ಯಾರ ಮನೆಯಲ್ಲೂ ನಾನು ನೋಡಲಿಲ್ಲ.

“ಪಕ್ಕದ ಕುದ್ರುವಿನಲ್ಲಿ ಬೋರಿಗೆ ಸಿಹಿ ನೀರು ಸಿಕ್ಕಿದೆಯಲ್ಲ?” ಅಂತ ಊಟಕ್ಕೆ ಕೂತವರು ಕೇಳಿದರು. ಸಿಕ್ಕಿರಬಹುದು. ಅಡಿಯ ಕಲ್ಲಿನ ಬಿರುಕು ಆಚೆ ದಡದವರೆಗೂ ಹೋಗಿದ್ದರೆ ಅಲ್ಲಿನ ನೀರು ಬರುತ್ತದೆ. ಅಂಥ ಅದೃಷ್ಟ ಹತ್ತರಲ್ಲಿ ಎಷ್ಟು ಜನಕ್ಕೆ? ಸಿಗದ ಬೋರುಗಳ ಗತಿ ಏನು ಅಂತ ಯಾರೂ ಕೇಳುವುದಿಲ್ಲ. ಕೊರೆದು ಬಿಟ್ಟ ತೂತು ಸುಮ್ನೆ ಇರುವುದಿಲ್ಲ. ಮೇಲಿನ ಸಿಹಿ ನೀರಿಗೂ ಕೆಳಗಿನ ಉಪ್ಪು ನೀರಿಗೂ ನಡುವೆ ಅದೊಂದು ತೆರೆದ ಬಾಗಿಲು. ಕೇಸಿಂಗ್ ಪೈಪು ಸರಿಯಾಗಿ ಕೂರದಿದ್ದರೆ ಅದರ ಪಕ್ಕದಲ್ಲೇ ಉಪ್ಪು ಮೇಲೇರುತ್ತದೆ. ಒಬ್ಬರ ಬೋರು ಹತ್ತು ಮನೆಯ ಬಾವಿ ಕೆಡಿಸಬಹುದು. ಹಾಗಾಗಿ ಪಕ್ಕದವರಿಗೆ ಸಿಕ್ಕಿದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನೊಬ್ಬರು, ಓದಿದವರು, “ಹೇಗೂ ಪೈಪಿನ ನೀರು ಬರುತ್ತದಲ್ಲ, ಸಮುದ್ರದ ನೀರನ್ನೇ ಸಿಹಿ ಮಾಡುವ ಯಂತ್ರವೂ ಬಂದಿದೆಯಲ್ಲ” ಅಂದರು. ಪೈಪಿನ ನೀರು ಬರಲಿ, ಬರಲೇಬೇಕು. ಆದರೆ 2019ರ ಮೇ ನೆನಪಿದೆಯಾ? ಬಜೆ ಅಣೆಕಟ್ಟಿನಲ್ಲಿ ನೀರು ತಳ ಸೇರಿ ಉಡುಪಿಗೇ ನೀರಿರಲಿಲ್ಲ. ಮಂಗಳೂರಿನಲ್ಲಿ ತುಂಬೆ ಅಣೆಕಟ್ಟು ನಂಬಿದವರಿಗೆ ಸರದಿ ಮೇಲೆ ನೀರು. ಪೇಟೆಗೇ ಇಲ್ಲದಾಗ ಪೈಪಿನ ತುದಿಯ ಕುದ್ರುವಿಗೆ ಯಾರು ಕೊಡುತ್ತಾರೆ? ಇನ್ನು ಯಂತ್ರ. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಿಂದ ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕ ಇದೆ, ನಮ್ಮ ದೇಶದವರೇ ಮಾಡಿದ್ದು, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಅದಕ್ಕೆ ಆಳ ಸಮುದ್ರದ ತಣ್ಣನೆಯ ನೀರು ಬೇಕು. ಅಲ್ಲಿ ದಡದ ಹತ್ತಿರವೇ ಅಷ್ಟು ಆಳ ಸಿಗುತ್ತದೆ. ಮಲ್ಪೆಯಿಂದ ಅಷ್ಟು ಆಳಕ್ಕೆ ಎಷ್ಟು ದೂರ ಹೋಗಬೇಕು ಅಂತ ಬೋಟಿನವರನ್ನು ಕೇಳಿ ನೋಡಿ. ಬೇರೆ ರೀತಿಯ ಯಂತ್ರಗಳಿವೆ, ಕರೆಂಟು ಬೇಕು, ದುರಸ್ತಿಗೆ ಜನ ಬೇಕು. 2014ರ ಡಿಸೆಂಬರಿನಲ್ಲಿ ಮಾಲ್ದೀವ್ಸ್‌ನ ಮಾಲೆಯಲ್ಲಿ ಅಂಥ ಘಟಕಕ್ಕೆ ಬೆಂಕಿ ಬಿದ್ದು ಲಕ್ಷಕ್ಕೂ ಜಾಸ್ತಿ ಜನರಿಗೆ ಕುಡಿಯುವ ನೀರು ನಿಂತಿತು. ನಮ್ಮ ದೇಶವೂ ವಿಮಾನದಲ್ಲಿ, ಹಡಗಿನಲ್ಲಿ ನೀರು ಕಳಿಸಿತು. ಕಾಲ ಕೆಳಗಿನ ಬಾವಿಯನ್ನು ಕೆಡಿಸಿಕೊಂಡು ಹೊರಗಿನ ನೀರಿಗೆ ಕಾಯುವುದನ್ನು ನಾನು ನೋಡಿದ್ದೇನೆ. ನಮ್ಮ ಊರಿಗೆ ಅದು ಬೇಡ.

ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು ಅಂತ ಎಷ್ಟು ಜನರಿಗೆ ಗೊತ್ತು? ಇವತ್ತಿಗೂ ಮಂಗಳೂರಿನ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೋಗುತ್ತದೆ. ದ್ವೀಪದ ನೀರಿನ ಕಷ್ಟ ನಮಗೆ ದೂರದ ಕತೆ ಅಲ್ಲ. ನೇತ್ರಾವತಿಯ ‘ಪಾವೂರು ಉಳಿಯ’ ಅನ್ನುವ ಕುದ್ರು ಹೊಯಿಗೆ ತೆಗೆದು ತೆಗೆದು ಸಣ್ಣದಾಗುತ್ತಾ ಬಂದಿದೆ. ದ್ವೀಪ ಸಣ್ಣದಾದರೆ ಅದರೊಳಗಿನ ಸಿಹಿ ನೀರೂ ಸಣ್ಣದಾಗುತ್ತದೆ. ಹೊಳೆಯ ತಳ ತಗ್ಗಿದಷ್ಟೂ ಉಬ್ಬರದ ಉಪ್ಪು ಜಾಸ್ತಿ ಒಳಗೆ ಬರುತ್ತದೆ. ಮೇಲಿಂದ ಇಷ್ಟೆಲ್ಲ ಆಗುತ್ತಿರುವಾಗ ಅಡಿಯಿಂದ ತೂತು ಕೊರೆಯುವುದು ಯಾಕೆ?

ಬರುವಾಗ ಮೀಟರನ್ನು ಅಣ್ಣನ ಮಗಳ ಕೈಯಲ್ಲಿ ಕೊಟ್ಟು ಬಂದಿದ್ದೇನೆ. ಒಂಬತ್ತನೇ ಕ್ಲಾಸಿನ ಹುಡುಗಿ, ದಿನಾ ಬೆಳಿಗ್ಗೆ ಬಾವಿಯ ಲೆಕ್ಕ ವಾಟ್ಸಾಪ್ ಮಾಡುತ್ತಾಳೆ. ಭಾನುವಾರ 410. ಸೋಮವಾರ 415. ಮಂಗಳವಾರ 440. ನಿನ್ನೆ 490. ಇವತ್ತು ಬೆಳಿಗ್ಗೆ 560.

ಬೋರಿನ ತೂತನ್ನು ತಳದಿಂದ ಮೇಲಿನವರೆಗೆ ಜೇಡಿಮಣ್ಣು, ಸಿಮೆಂಟು ಹಾಕಿ ಮುಚ್ಚಬೇಕು. ಬೆಂಟೊನೈಟ್ ಅನ್ನುವ ಮಣ್ಣು ಸಿಕ್ಕಿದರೆ ಒಳ್ಳೆಯದು, ಒದ್ದೆಯಾದರೆ ಉಬ್ಬಿ ಗಟ್ಟಿಯಾಗಿ ಕೂರುತ್ತದೆ. ಲಾರಿಯವರು ಫೋನ್ ಎತ್ತುತ್ತಿಲ್ಲ. ಉಡುಪಿ, ಮಂಗಳೂರು ಕಡೆ ಇದು ಎಲ್ಲಿ ಸಿಗುತ್ತದೆ ಅಂತ ಗೊತ್ತಿರುವವರು ದಯವಿಟ್ಟು ಇವತ್ತೇ ತಿಳಿಸಿ. ಶನಿವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ನಾನು, ಅಣ್ಣ ಕುದ್ರುವಿನಲ್ಲಿ ಇರುತ್ತೇವೆ. ಮಣ್ಣು ಹೊರಲು ಇಬ್ಬರು ಬಂದರೆ ದೊಡ್ಡ ಉಪಕಾರ. ಊಟ ದೊಡ್ಡಮ್ಮನ ಮನೆಯಲ್ಲಿ.